ಅಂಬಾಸಿಡರಿನ ಎಡಬದಿ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಆಶ್ಚರ್ಯಪಡಬೇಕಾಗಿಲ್ಲ. ಮೂವತ್ತೆರಡು ವರ್ಷ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವನು. ಬೆಳಿಗ್ಗೆ ಕೂಲಿಯಾಳುಗಳ ಲೈನ್‌ಮನೆಗಳ ಮುಂದೆ ನಿಂತು ಹಾಜರಿ ಕೂಗುವುದು, ಹಣ್ಣು ಕೊಯ್ಯುವ ಪಿಕ್ಕಿಂಗ್ ಶುರುವಾದರೆ ತೋಟದುದ್ದಕ್ಕೂ ಓಡಾಡಿ ಗದರುವುದು. ಹಗಲೆಲ್ಲ ಸಂಬಳಕ್ಕೆ ಗದರಿ, ಸಂಜೆ ಮನೆಗೆ ಬಂದು ಧರ್ಮಕ್ಕೆ ಗದರುತ್ತಿದ್ದೆ. ಕೇಳಿಸಿಕೊಳ್ಳಲು ಮನೆಯಲ್ಲಿದ್ದದ್ದು ಹೆಂಡತಿ ಒಬ್ಬಳೇ.

ನಮ್ಮ ಹತ್ತಿರ ಒಂದು ಹಳೆ ಅಂಬಾಸಿಡರ್ ಇದೆ. ಎಸ್ಟೇಟಿನ ದೊರೆಗಳು ಹೊಸ ಕಾರು ತಂದಾಗ ಹಳೆಯದನ್ನು ನನಗೆ ದಾಟಿಸಿದ್ದರು. ಮುಂದುಗಡೆ ಬೆಂಚಿನಂಥ ಒಂದೇ ಉದ್ದ ಸೀಟು, ಸ್ಟೇರಿಂಗಿನ ಪಕ್ಕದಲ್ಲೇ ಗೇರು, ತೆಳು ಹಸಿರು ಬಣ್ಣ. ಅದು ಮನೆಗೆ ಬಂದ ದಿನ ಕುಂಕುಮ ಹಚ್ಚಲು ಹೋದ ಹೆಂಡತಿ ಬಾನೆಟ್ಟಿನ ಎದುರು ನಿಂತು, "ರೀ, ಮುಖ ನಿಮ್ಮ ದೊಡ್ಡಮ್ಮನ ಹಂಗೇ ಐತೆ" ಅಂದಿದ್ದಳು. ನಾನು ಗದರಿದೆ. ಆದರೆ ನಿಜಕ್ಕೂ ಹಾಗೇ ಇತ್ತು, ಅದೇ ದುಂಡು ಕೆನ್ನೆ, ಅದೇ ಬೆರಗು.

ಎಂಟು ವರ್ಷದ ಕೆಳಗೆ ಕುಟ್ಟದ ಕಡೆ ಒಂದು ಮದುವೆ ಮುಗಿಸಿಕೊಂಡು ಬರುವಾಗ ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಹಿಡಿಯಲಿಲ್ಲ. ಬಲಗಡೆ ಕಂದಕ, ಎಡಗಡೆ ಗುಡ್ಡ ಕಡಿದ ಮಣ್ಣಿನ ಬರೆ. ನಾನು ಬರೆಗೆ ತಿರುಗಿಸಿದೆ. ನನಗೆ ಹಣೆಯ ಮೇಲೆ ಒಂದು ಗೀರು ಬಿತ್ತು, ಅಷ್ಟೆ. ಎಡಬದಿಯಲ್ಲಿ ಕೂತಿದ್ದ ಅವಳ ಎಡಭುಜದ ಮೂಳೆ ಎರಡು ಕಡೆ ಮುರಿಯಿತು. ಬಂದವರೆಲ್ಲ ನನ್ನ ಸಮಯಪ್ರಜ್ಞೆಯನ್ನು ಹೊಗಳಿದರು. "ಬ್ರೇಕ್ ಫೇಲಾಯ್ತು, ಏನ್ ಮಾಡೋಕಾಗ್ತದೆ" ಎಂದು ನಾನೂ ಎಲ್ಲರಿಗೂ ಹೇಳಿದೆ. ಆಸ್ಪತ್ರೆಯ ಮಂಚದ ಮೇಲಿದ್ದ ಅವಳು ಅದನ್ನು ಕೇಳುತ್ತಾ ಕಿಟಕಿಯ ಕಡೆ ನೋಡುತ್ತಿದ್ದಳು.

ಮೂಳೆ ಕೂಡಿತು, ಆ ಕೈ ಮಾತ್ರ ಭುಜದ ಮಟ್ಟಕ್ಕಿಂತ ಮೇಲೆ ಏಳಲಿಲ್ಲ. ಎರಡೂ ಕೈ ಎತ್ತಿ ತುರುಬು ಕಟ್ಟಲು ಬಾರದು. ಅಂದಿನಿಂದ ಬೆಳಿಗ್ಗೆ ಅವಳ ತಲೆ ಬಾಚುವವನು ನಾನೇ. ಮೊದಮೊದಲು ನನ್ನ ಕೈಯಲ್ಲಿ ಕಟ್ಟಿದ ತುರುಬು ಪಡಸಾಲೆ ದಾಟುವಷ್ಟರಲ್ಲಿ ಬಿಚ್ಚಿಹೋಗುತ್ತಿತ್ತು. ಈಗ ಪಿನ್ನು ಹಲ್ಲಲ್ಲಿ ಕಚ್ಚಿಕೊಂಡು ಎರಡೇ ನಿಮಿಷದಲ್ಲಿ ಮುಗಿಸುತ್ತೇನೆ. ದಿನದಲ್ಲಿ ನಾನು ಯಾರಿಗೂ ಗದರದ ಹೊತ್ತು ಅದೊಂದೇ, ಬಾಯಿ ತುಂಬ ಪಿನ್ನು ಇರುತ್ತದಲ್ಲ.

ಆದರೆ ಅವಳು ಮತ್ತೆ ಆ ಕಾರಿನಲ್ಲಿ ಕೂರಲಿಲ್ಲ. ಬಸ್ಸಿಗೆ ಹೋದಳು, ಆಟೋಗೆ ಹೋದಳು, ಸಿದ್ದಾಪುರದಾಚೆಯ ತನ್ನ ತಂಗಿಯ ಮನೆಗೆ ಬಸ್ಸು ತಪ್ಪಿದ ದಿನ ನಡೆದೇ ಹೋದಳು. ಗ್ಯಾರೇಜಿನವರು ಅಂಬಾಸಿಡರನ್ನು ಹೇಗೋ ಓಡುವಂತೆ ಮಾಡಿ ತಂದುಬಿಟ್ಟರು. ನಾನೊಬ್ಬನೇ ನಾಲ್ಕಾರು ಸಲ ಓಡಿಸಿದೆ. ಎಡಬದಿ ಖಾಲಿ ಇರುವಾಗ ಆ ಉದ್ದ ಸೀಟಿನಲ್ಲಿ ಕೂರುವುದು ನನ್ನಿಂದಾಗಲಿಲ್ಲ. ಕೊಟ್ಟಿಗೆಯ ಪಕ್ಕದ ಶೆಡ್ಡಿಗೆ ತಳ್ಳಿ ಟಾರ್ಪಾಲು ಹೊದಿಸಿದೆ. ಇಲಿಗಳು ಸಂಸಾರ ಹೂಡಿದವು.

ರಿಟೈರ್ ಆಗಿ ನಮ್ಮದೇ ಮೂರು ಎಕರೆಗೆ ಬಂದು ಕೂತ ಮೇಲೆ ಟಾರ್ಪಾಲು ತೆಗೆದೆ. ಮೊದಲಿನಂತೆಯೇ ಮಾಡಬೇಕು, ಆದರೆ ಬ್ರೇಕ್ ಮಾತ್ರ ಹೊಸ ಕಾಲದ್ದಾಗಬೇಕು ಎಂದು ತೀರ್ಮಾನಿಸಿದೆ. ಯಾಕೆ ಎಂದು ಯಾರಿಗೂ ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ. ಅವಳು ಒಂದು ಸಲ ನನ್ನ ಪಕ್ಕದಲ್ಲಿ ಕೂರಬೇಕಿತ್ತು. ಅವಳು ಕೂರದೇ ಹೋದರೆ ಆ ಕಾರಿಗೆ ಬಂಗಾರದ ತಗಡು ಹೊದಿಸಿದರೂ ನನ್ನ ಮಟ್ಟಿಗೆ ಅದು ಗುಜರಿಯೇ.

ಜೊತೆಗೆ ಸಿಕ್ಕವನು ನೆಲ್ಯಹುದಿಕೇರಿಯ ಒಬ್ಬ ಮಲಯಾಳಿ ಮೆಕ್ಯಾನಿಕ್. ನನ್ನದೇ ವಯಸ್ಸು, ಗ್ಯಾರೇಜನ್ನು ಅಳಿಯನಿಗೆ ಬಿಟ್ಟುಕೊಟ್ಟು ಬೇಸರದಲ್ಲಿದ್ದ. ವಾರಕ್ಕೆ ಎರಡು ದಿನ ಸ್ಕೂಟರಿನಲ್ಲಿ ಬರುತ್ತಿದ್ದ. ಮೊದಲ ದಿನವೇ ಕಾರಿನ ಕೆಳಗೆ ಮಲಗಿ ಎದ್ದು, "ಎಂತ ರೈಟರೇ, ಇದರಲ್ಲಿ ಕಾರು ಯಾವುದು, ತುಕ್ಕು ಯಾವುದು?" ಎಂದು ಕೇಳಿದ. ಕಾಲಡಿಯ ತಗಡು ಹಪ್ಪಳವಾಗಿತ್ತು. ಅದನ್ನು ಕತ್ತರಿಸಿ ಹೊಸದು ಬೆಸೆದೆವು. ಸೀಟು ಬಿಚ್ಚಿ ಇಲಿಗಳನ್ನು ಒಕ್ಕಲೆಬ್ಬಿಸಿದೆವು. ಅಂಬಾಸಿಡರುಗಳಲ್ಲೇ ಕೊನೆಯ ಕಾಲದ ಕಾರೊಂದು ಮೈಸೂರಿನ ಗುಜರಿಯಲ್ಲಿ ಬಿದ್ದಿತ್ತು, ಅದರ ಮುಂದಿನ ಡಿಸ್ಕ್ ಬ್ರೇಕುಗಳನ್ನೂ, ಪೆಡಲನ್ನು ಹಗುರ ಮಾಡುವ ಬೂಸ್ಟರನ್ನೂ ಬಿಚ್ಚಿಸಿಕೊಂಡು ಬಂದ. ಎರಡು ಸೀಟ್ ಬೆಲ್ಟು ಹಾಕಿಸಿದೆ. ಎಡಬಾಗಿಲ ಒಳಗೆ, ಕೈ ಎತ್ತದೆಯೇ ಹಿಡಿಯಲು ಸಿಗುವಷ್ಟು ತಗ್ಗಿನಲ್ಲಿ, ಒಂದು ಹಿಡಿಕೆ ಕೂರಿಸಿದೆ. ಅದನ್ನು ಕೂರಿಸುವಾಗ ಮೆಕ್ಯಾನಿಕ್ ನನ್ನ ಮುಖ ನೋಡಿದ, ಪುಣ್ಯಾತ್ಮ ಇನ್ನೊಂದು ಸ್ಕ್ರೂ ಹೆಚ್ಚಿಗೆ ಬಿಗಿದ.

ಹೆಂಡತಿ ದಿನಾ ಕಾಫಿ ತರುತ್ತಿದ್ದಳು. ಲೋಟ ಕೊಟ್ಟು, ಕಾರನ್ನು ಒಂದು ಸುತ್ತು ನೋಡಿ, ಮುಟ್ಟದೆ ಹೋಗುತ್ತಿದ್ದಳು. "ಬ್ರೇಕ್ ಹೆಂಗೈತೆ ಗೊತ್ತಾ? ಆನೆ ಅಡ್ಡ ಬಂದ್ರೂ ಮೂಗಿನ ಮುಂದೆ ನಿಲ್ತದೆ" ಎಂದು ನಾನು ಕೊಚ್ಚಿಕೊಳ್ಳುತ್ತಿದ್ದೆ. "ಒಳ್ಳೇದಾಯ್ತು ಬಿಡಿ" ಅನ್ನುತ್ತಿದ್ದಳು. ಆ 'ಬಿಡಿ' ನನ್ನ ಉತ್ಸಾಹಕ್ಕೆ ತಣ್ಣೀರು ಹಾಕುತ್ತಿತ್ತು.

ಫೆಬ್ರವರಿಯಲ್ಲಿ ನಮ್ಮ ಕಾಫಿ ಕೊಯ್ದು ಅಂಗಳದ ಸಿಮೆಂಟ್ ಕಣದಲ್ಲಿ ಹರವಿದ್ದೆವು. ಬಿಸಿಲಿಗೆ ಕಣ ಕಾದ ಹೆಂಚಾಗಿರುತ್ತದೆ. ಹಣ್ಣು ಒಣಗುವ ಜಾಗದಲ್ಲಿ ನಟ್ಟು ಬೋಲ್ಟು ಒಣಗಬಾರದೇಕೆ ಎಂದು ನನ್ನ ಬುದ್ಧಿಗೆ ಹೊಳೆಯಿತು. ಬ್ರೇಕಿನ ಬೋಲ್ಟು, ಸ್ಪ್ರಿಂಗು, ಪೈಪಿನ ತಾಮ್ರದ ವಾಷರುಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು ಕಣದ ಮೂಲೆಯಲ್ಲಿ ಗೋಣಿತಾಟಿನ ಮೇಲೆ ಹರಡಿದೆ. ಕಾಗೆ ಕಚ್ಚಿಕೊಂಡು ಹೋಗದಿರಲಿ ಎಂದು ಮೇಲೆ ಇನ್ನೊಂದು ಗೋಣಿ ಮುಚ್ಚಿದೆ. ಎಂಥ ಬುದ್ಧಿವಂತ!

ಮಧ್ಯಾಹ್ನ ಊಟಕ್ಕೆ ಕೂತಾಗ ದುಬಾರೆ ಕಡೆಯಿಂದ ಗುಡುಗಿತು. ಒಣಗುತ್ತಿರುವ ಕಾಫಿಗೆ ಮಳೆ ಎಂದರೆ ನಮ್ಮೂರಿನಲ್ಲಿ ತುತ್ತು ಬಾಯಲ್ಲಿದ್ದರೂ ಏಳಬೇಕು. ಇಬ್ಬರೂ ಎಂಜಲು ಕೈಯಲ್ಲೇ ಓಡಿದೆವು. ನಾನು ಗೋರುಮಣೆ ಹಿಡಿದು ನಾಲ್ಕೂ ಕಡೆಯಿಂದ ಕಾಫಿಯನ್ನು ನಡುವಿಗೆ ಎಳೆಯತೊಡಗಿದೆ. ಅವಳು ಬಲಗೈಯಿಂದ ಟಾರ್ಪಾಲು ಎಳೆದು ತರುತ್ತಿದ್ದಳು. ಹನಿ ಬೀಳತೊಡಗಿತು.

"ರೀ, ನಿಲ್ಸಿ! ಆ ಮೂಲೇಲಿ..." ಅಂದಳು.

"ಬಾಯ್ಮುಚ್ಕೊಂಡು ಟಾರ್ಪಾಲು ಎಳಿ!" ಅಂದೆ.

"ನಿಲ್ಸಿ ಅಂದೆ, ಗೋಣಿ..."

"ಮೊದ್ಲು ಕಾಫಿ! ಆಮೇಲೆ ನಿನ್ನ ಪುರಾಣ!"

ಮೂಲೆಯಲ್ಲಿದ್ದುದನ್ನೆಲ್ಲ ಗೋಣಿ ಸಮೇತ ಒಂದೇ ಏಟಿಗೆ ಎಳೆದು ರಾಶಿಗೆ ಸೇರಿಸಿದೆ. ರಾಶಿಯ ಮೇಲೆ ಟಾರ್ಪಾಲು ಬಿತ್ತು, ಅದರ ಮೇಲೆ ಮಳೆ ಬಿತ್ತು. ಒಂದು ಹಣ್ಣೂ ನೆನೆಯಲಿಲ್ಲ ಎಂದು ನಾನು ಹೆಮ್ಮೆಯಿಂದ ಮೀಸೆ ಒರೆಸಿಕೊಂಡೆ. ಅವಳು ಒದ್ದೆ ಸೆರಗು ಹಿಂಡುತ್ತಾ, "ನಿಮ್ಮ ಬ್ರೇಕೆಲ್ಲ ಆ ರಾಶಿಯೊಳಗೈತೆ" ಎಂದು ಹೇಳಿ ಒಳಗೆ ಹೋದಳು.

ಮೆಕ್ಯಾನಿಕ್ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಗಂಭೀರನಾದ. "ಬ್ರೇಕಿನ ಬೋಲ್ಟಿಗೆ ಬದಲಿ ಎಂತದೋ ಹಾಕುದಿಲ್ಲ ನಾನು. ಹೊಸದು ಬೇಕಾದರೆ ತರಿಸುವ. ಆದರೆ ಹಳೇದು ಕಾಫಿಯ ಜೊತೆ ಮಿಲ್ಲಿಗೆ ಹೋದರೆ ಅವರ ಮಿಶನ್ ಹಾಳು, ನಿಮ್ಮ ಹೆಸರೂ ಹಾಳು. ಹೆಕ್ಕಲೇಬೇಕು." ಹಳೆ ಸ್ಪೀಕರಿನ ಆಯಸ್ಕಾಂತವನ್ನು ಕೋಲಿಗೆ ಕಟ್ಟಿ ಕೊಟ್ಟ. ಬಿಸಿಲು ಬಂದ ಮೇಲೆ ಕಾಫಿ ಹರವಿ, ಆ ಕೋಲನ್ನು ಆಡಿಸುತ್ತಾ ಕಣದ ತುಂಬ ನಡೆದೆ. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ಕಬ್ಬಿಣದ್ದೆಲ್ಲ ಸಂಜೆಗೆ ಸಿಕ್ಕಿತು. ತಾಮ್ರದ ವಾಷರಿಗೆ ಆಯಸ್ಕಾಂತ ಏನು ಮಾಡೀತು? ಎಂಟು ವಾಷರು, ಒಂದೊಂದೂ ಕಾಫಿ ಹಣ್ಣಿನಷ್ಟೇ ದೊಡ್ಡದು, ಒಣಗಿದ ಹಣ್ಣಿನದೇ ಬಣ್ಣ. ಕೈಯಲ್ಲೇ ಆರಿಸಬೇಕು. ಮಾಡಿದ್ದುಣ್ಣೋ ಮಹಾರಾಯ ಎಂದು ಮರುದಿನ ಬೆಳಿಗ್ಗೆ ಮೊರ ತೆಗೆದುಕೊಂಡು ಕಣದಲ್ಲಿ ಕೂತೆ.

ಸ್ವಲ್ಪ ಹೊತ್ತಿಗೆ ಅವಳೂ ಒಂದು ಮೊರ ತಂದು ಎದುರು ಕೂತಳು. ನಾನು ಕರೆದಿರಲಿಲ್ಲ. ಮೊರಕ್ಕೆ ಎರಡು ಬೊಗಸೆ ಕಾಫಿ ಹಾಕಿ, ಬೆರಳಾಡಿಸಿ, ಪಕ್ಕಕ್ಕೆ ಸುರಿಯುವುದು. ಮಧ್ಯಾಹ್ನದ ಹೊತ್ತಿಗೆ ಐದು ವಾಷರು ಸಿಕ್ಕವು, ನಾಲ್ಕು ಅವಳಿಗೆ, ಒಂದು ನನಗೆ.

ಸುಮ್ಮನಿರಲಾರದೆ ಹೇಳಿದೆ. "ಇನ್ನು ಮೂರು ಸಿಕ್ಬಿಟ್ರೆ ಬ್ರೇಕ್ ಕೆಲಸ ಮುಗೀತು. ಆಮೇಲೆ ನೀನು ಹೆದರೋದು ಬೇಡ."

ಅವಳು ಮೊರದಿಂದ ತಲೆ ಎತ್ತಲಿಲ್ಲ. "ನಂಗೆ ಕಾರು ಕಂಡ್ರೆ ಹೆದ್ರಿಕೆ ಅಂತ ಯಾರು ಹೇಳಿದ್ದು?"

"ಮತ್ತೆ?"

"ಅವತ್ತು ಇಳಿಜಾರಿಗೆ ಬರೋ ಮೊದ್ಲೇ ನೀವು ಪೆಡಲ್ನ ಎರಡೆರಡು ಸಲ ತುಳೀತಿದ್ರಿ. ನಾನು ನೋಡ್ದೆ. ನಿಲ್ಸಿ ನೋಡಿ ಅಂತ ಮೂರು ಸಲ ಹೇಳ್ದೆ. ಬಾಯ್ಮುಚ್ಕೊಂಡು ಕೂತ್ಕೋ ಅಂದ್ರಿ." ಒಂದು ಕಲ್ಲು ಹೆಕ್ಕಿ ಆಚೆ ಎಸೆದಳು. "ಮೊನ್ನೆ ಮಳೇಲೂ ಅದೇ ಅಂದ್ರಿ. ಬ್ರೇಕ್ ಎಂಥಾದ್ದಾದ್ರೂ ಹಾಕ್ಸಿ, ತುಳಿಯೋರು ನೀವೇ ಅಲ್ವಾ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು, ಸಿಟ್ಟಿಗೆ ಸಿಟ್ಟು ನನ್ನಲ್ಲಿ ಯಾವಾಗಲೂ ದಾಸ್ತಾನಿದೆ. ಆ ಮೂರು ಸಲ ನನಗೂ ನೆನಪಿತ್ತು. ಎಂಟು ವರ್ಷವೂ ನೆನಪಿತ್ತು. ಬ್ರೇಕ್ ಆಯಿಲ್ ಕಡಿಮೆಯಾಗಿದ್ದದ್ದೂ, ಪಿಕ್ಕಿಂಗ್ ಮುಗಿಯಲಿ ಎಂದು ಒಂದು ತಿಂಗಳಿಂದ ಮುಂದೂಡಿದ್ದೂ ಗೊತ್ತಿತ್ತು. ಊರಿಗೆಲ್ಲ ಬ್ರೇಕ್ ಫೇಲಾಯ್ತು ಎಂದು ಹೇಳುವಾಗ ಅವಳು ಒಂದು ದಿನವೂ ನಡುವೆ ಬಾಯಿ ಹಾಕಿ ನನ್ನ ಮಾನ ಕಳೆದಿರಲಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂಬ ಗಾದೆಯನ್ನು ಲೈನಿನ ಜಗಳಗಳಲ್ಲಿ ಎಷ್ಟು ಜನಕ್ಕೆ ಹೇಳಿದ್ದೇನೋ.

"ತಪ್ಪಾಯ್ತು" ಅಂದೆ. ಮದುವೆಯಾಗಿ ಮೂವತ್ತನಾಲ್ಕು ವರ್ಷಕ್ಕೆ ಆ ಮಾತು ಮೊದಲ ಸಲ ಬಂದಿತ್ತು, ಅದೂ ಅರ್ಧ ದನಿಯಲ್ಲಿ. ಅವಳು ಕೇಳಿಸಿಕೊಂಡಳೋ ಇಲ್ಲವೋ, "ಬಿಸ್ಲು ಜಾಸ್ತಿಯಾಯ್ತು, ಟೋಪಿ ಹಾಕ್ಕೊಳ್ಳಿ" ಅಂದಳು. ಉಳಿದ ಮೂರು ವಾಷರು ಸಿಗಲು ಇನ್ನೂ ಎರಡು ದಿನ ಹಿಡಿಯಿತು. ಕಾಫಿಗೆ ಸ್ವಲ್ಪ ಸೀಮೆಎಣ್ಣೆ ವಾಸನೆ ಹತ್ತಿದೆ ಎಂದು ವ್ಯಾಪಾರಿ ಮೂಗು ಮುರಿದ. ನಾನು ಅವನಿಗೂ ಗದರಲಿಲ್ಲ.

ಏಪ್ರಿಲಿನಲ್ಲಿ ಕಾರು ಸಿದ್ಧವಾಯಿತು. ಅದೇ ತೆಳು ಹಸಿರು, ಅದೇ ದೊಡ್ಡಮ್ಮನ ಕೆನ್ನೆ. ಮೆಕ್ಯಾನಿಕ್ ಬಾನೆಟ್ಟಿಗೆ ಕೈ ಮುಗಿದು ಸ್ಕೂಟರ್ ಹತ್ತಿ ಹೋದ. ನಾನು ಅವಳನ್ನು ಕರೆಯಲಿಲ್ಲ, ಕರೆಯುವ ಧೈರ್ಯವಿರಲಿಲ್ಲ. ಒಂದು ಭಾನುವಾರ ಗಾಜು ಒರೆಸುತ್ತಾ ನಿಂತಿದ್ದೆ. ಅವಳು ಬಾಗಿಲಿಗೆ ಬೀಗ ಹಾಕಿ ಬಂದು, ಎಡಬಾಗಿಲು ತೆಗೆದು ಕೂತಳು. ತಗ್ಗಿನ ಹಿಡಿಕೆಯನ್ನು ಬೆರಳಿನಿಂದ ಒಮ್ಮೆ ಸವರಿದಳು. "ತಂಗಿ ಮನೆಗೆ" ಅಂದಳು. ಒರೆಸುವ ಬಟ್ಟೆಯನ್ನು ಜೇಬಿಗೆ ತುರುಕಿ ಕೀಲಿ ತಿರುಗಿಸಿದೆ.

ಗೇಟು ದಾಟಿ ಇಳಿಜಾರಿಗೆ ಬಂದ ಕೂಡಲೇ, "ನಿಲ್ಸಿ" ಅಂದಳು.

ನಿಲ್ಲಿಸಿದೆ. ಅವಳು ಇಳಿಯಲಿಲ್ಲ, ಏನನ್ನೂ ತೋರಿಸಲಿಲ್ಲ. ಹೊರಗೆ ನೋಡುತ್ತಾ ಸ್ವಲ್ಪ ಹೊತ್ತು ಕೂತು, "ಹೋಗಿ" ಅಂದಳು. ಮುಂದೆ ಅಂಗಡಿಯ ಹತ್ತಿರ ಮತ್ತೆ, "ನಿಲ್ಸಿ". ಹಿಂದಿದ್ದ ಖಾಸಗಿ ಬಸ್ಸು ಹಾರನ್ ಒತ್ತಿಕೊಂಡೇ ದಾಟಿಹೋಯಿತು. ಕಂಡಕ್ಟರ್ ಬಾಗಿಲಲ್ಲಿ ನಿಂತು ನನ್ನ ವಂಶಾವಳಿ ವಿಚಾರಿಸಿದ. "ಹೋಗಿ" ಅಂದಳು.

ಮೂರನೆಯದು ಏರಿನ ನಡುಮಧ್ಯೆ. ಹಳೆ ಕಾರನ್ನು ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸುವುದು ಎಂಥ ಗೋಳು ಎಂದು ಓಡಿಸಿದವರಿಗೇ ಗೊತ್ತು. ಸಿಟ್ಟು ಗಂಟಲಿಗೆ ಬಂತು. ಬಾಯಿಯೂ ತೆರೆಯಿತು. ಹಾಗೇ ಮುಚ್ಚಿ, ಬ್ರೇಕ್ ತುಳಿದು, ಹ್ಯಾಂಡ್ ಬ್ರೇಕ್ ಎಳೆದು, ಸುಮ್ಮನೆ ಕೂತೆ. ಯಾಕೆ ಎಂದು ಕೇಳಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಬಹಳ ಹೊತ್ತು ನೋಡಿದಳು.

"ಸಾಕು" ಅಂದಳು. "ಇನ್ನು ಹೋಗೋಣ."

ಸಿದ್ದಾಪುರ ದಾಟಿದ ಮೇಲೆ ತಿರುಗಿ ನೋಡಿದರೆ ಅವಳಿಗೆ ನಿದ್ದೆ ಹತ್ತಿತ್ತು. ಬಾಯಿ ಸ್ವಲ್ಪ ತೆರೆದಿತ್ತು, ತಲೆ ನನ್ನ ಕಡೆಗೆ ವಾಲಿತ್ತು. ನನಗೆ ಕಣ್ಣು ತುಂಬಿ ರಸ್ತೆ ಮಂಜಾಯಿತು. ತಂಗಿಯ ಮನೆಯ ತಿರುವು ಬಂದರೂ ತಿರುಗಿಸಲಿಲ್ಲ. ಎಬ್ಬಿಸಲು ಮನಸ್ಸಾಗದೆ, ನಿಧಾನಕ್ಕೆ, ನೇರ ರಸ್ತೆಯಲ್ಲೇ ಓಡಿಸುತ್ತಾ ಹೋದೆ.