ನಂದಾಳ ತಗಡಿನ ಕಂಪ್ಯೂಟರು

ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಒಂದು ಫೋಟೋ ಸ್ಟುಡಿಯೋ ಇದೆ. ಒಳಗೆ ಇಬ್ಬರು ನಿಂತರೆ ಮೂರನೆಯವರು ಮೆಟ್ಟಿಲ ಮೇಲೆ ನಿಲ್ಲಬೇಕು, ಅಷ್ಟೇ ಜಾಗ. ನಡೆಸುವವಳು ನಂದಾ. ವಯಸ್ಸು ನಲವತ್ತಕ್ಕೆ ಎರಡು ಕಡಿಮೆ. ಮದುವೆಯಾಗಲಿಲ್ಲ. ಯಾಕೆಂದು ಕೇಳುತ್ತಿದ್ದವರೂ ಈಗ ಕೇಳುವುದನ್ನು ಬಿಟ್ಟಿದ್ದಾರೆ. ಲಗ್ನದ ಫೋಟೋ, ಸೀಮಂತದ ಫೋಟೋ, ಪರೀಕ್ಷೆಯ ಅರ್ಜಿಗೆ ಅಂಟಿಸುವ ಫೋಟೋ, ಎಲ್ಲವನ್ನೂ ತೆಗೆಯುತ್ತಾಳೆ. ಆದರೆ ತಿಕೋಟಾ, ಬಬಲೇಶ್ವರದ ಕಡೆಯ ಹಳ್ಳಿಗಳಲ್ಲಿ ಅವಳ ಹೆಸರು ಹೇಳುವುದು ಬೇರೆ ಕೆಲಸಕ್ಕೆ. ಅವಳು ಸತ್ತವರ ಕಣ್ಣು ತೆರೆಸುತ್ತಾಳೆ.

ಇದು ಅವಳ ಅಪ್ಪ ಸಿದ್ದರಾಮನಿಂದ ಬಂದ ವಿದ್ಯೆ. ಬದುಕಿದ್ದಾಗ ಒಂದು ಫೋಟೋಕ್ಕೂ ನಿಲ್ಲದೆ ಹೋದವರನ್ನು ಮಣ್ಣಿಗೆ ಒಯ್ಯುವ ಮೊದಲು ಕೂಡ್ರಿಸಿ, ವಿಭೂತಿ ಹಚ್ಚಿ, ಫೋಟೋ ಹೊಡೆಸುತ್ತಾರೆ. ಅದರಲ್ಲಿ ಕಣ್ಣು ಮುಚ್ಚಿರುತ್ತವೆ. ಗೋಡೆಗೆ ಹಾಕಿ ದಿನವೂ ಎದುರು ನಿಲ್ಲಬೇಕಾದವರು ಮುಚ್ಚಿದ ಕಣ್ಣನ್ನು ಎಷ್ಟು ದಿನ ನೋಡಿಯಾರು? ಸಿದ್ದರಾಮ ಮೂರೇ ಕೂದಲಿನ ಕುಂಚ ಹಿಡಿದು ಆ ಫೋಟೋದ ಮೇಲೆ ಕಣ್ಣು ಬರೆಯುತ್ತಿದ್ದ. ಅವನಿಗೆ ಎರಡು ಕಟ್ಟುಪಾಡುಗಳಿದ್ದವು. ಆ ಮನೆಯ ಒಬ್ಬರು ಪಕ್ಕಕ್ಕೆ ಕೂತು ಹೇಳದ ಹೊರತು ಕಣ್ಣು ಬರೆಯುತ್ತಿರಲಿಲ್ಲ. ಸತ್ತವರನ್ನು ತೆಗೆದ ರೀಲಿನಲ್ಲಿ ಮದುಮಗಳನ್ನು ತೆಗೆಯುತ್ತಿರಲಿಲ್ಲ.

ಅಪ್ಪ ಹೋದ, ಕುಂಚ ಹೋಯಿತು, ರೀಲೂ ಹೋಯಿತು. ನಂದಾ ಅದೇ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡತೊಡಗಿದಳು. ಎರಡೂ ಕಟ್ಟುಪಾಡುಗಳನ್ನು ಬಿಡಲಿಲ್ಲ. ಸತ್ತವರ ಫೋಟೋ ಪ್ರಿಂಟಾಗಿ ಕೈಗೆ ಬಂದ ಕೂಡಲೇ ಕ್ಯಾಮರಾದ ಕಾರ್ಡನ್ನು ಪೂರಾ ಅಳಿಸಿ, ಆಮೇಲೆಯೇ ಲಗ್ನಕ್ಕೆ ಒಯ್ಯುತ್ತಿದ್ದಳು.

ತೊಂದರೆ ಇದ್ದದ್ದು ಕಂಪ್ಯೂಟರಿನ ಗಾತ್ರದಲ್ಲಿ. ಹೊಲಿಗೆ ಮಷೀನಿನಷ್ಟು ದೊಡ್ಡದು, ಸ್ಟುಡಿಯೋ ಬಿಟ್ಟು ಅಲುಗದು. ಸೂತಕದ ಮನೆಯವರೇ ಬಸ್ಸು ಹತ್ತಿ ಬರಬೇಕು. ಕಣ್ಣು ಬಲ್ಲ ಹೆಂಡತಿಯೋ ತಾಯಿಯೋ ಎದ್ದು ಬರುವ ಸ್ಥಿತಿಯಲ್ಲಿ ಇರುವುದಿಲ್ಲ. ಅವರ ಬದಲು ಅಳಿಯನೊಬ್ಬ ಬಂದು ಕೂಡುತ್ತಾನೆ. ಮಾವನ ಕಣ್ಣು ಹೇಗಿದ್ದವು ಎಂದು ಕೇಳಿದರೆ, "ಎಲ್ಲಾರಿಗೂ ಇದ್ದಂಗ ಇದ್ವು ಬಿಡ್ರಿ" ಎನ್ನುತ್ತಾನೆ. ಒಮ್ಮೆ ಹೊನವಾಡಕ್ಕೆ ಯಾರದೋ ಲ್ಯಾಪ್‌ಟಾಪು ಹೊತ್ತುಕೊಂಡು ಹೋದಳು. ಅದು ಹೆಂಚಿನಂತೆ ಕಾದು, ಒಂದು ಕಣ್ಣಿಗೆ ಅರ್ಧ ದಿನ ತೆಗೆದುಕೊಂಡಿತು.

ಕಂಪ್ಯೂಟರಿನ ಬಿಡಿಭಾಗ ಮಾರುವ ಉಮರ ಒಂದು ದಾರಿ ಹೇಳಿದ.

"ಲ್ಯಾಪ್‌ಟಾಪ್ ಬ್ಯಾಡ ಅಕ್ಕಾ. ದೊಡ್ಡ ಕಂಪ್ಯೂಟರಿನ ಜೀವಾನ ತಗದು ಸಣ್ಣ ಮೈಯಾಗ ಇಡೂಣು. ಶಕ್ತಿ ಅಷ್ಟ ಇರತೈತಿ, ಚೀಲದಾಗ ಹಿಡಸತೈತಿ."

ಆರು ತಿಂಗಳು ಹಿಡಿಯಿತು ಆ ಜೀವವನ್ನು ಹೊಂದಿಸಲು. ಅಂಗೈಗಿಂತ ಚೂರು ದೊಡ್ಡದಾದ ಮದರ್‌ಬೋರ್ಡು. ಚಿತ್ರದ ಕೆಲಸವನ್ನೆಲ್ಲ ಎಳೆಯುವ ಗಿಡ್ಡ ಗ್ರಾಫಿಕ್ಸ್ ಕಾರ್ಡು. ಅರ್ಧ ಇಟ್ಟಂಗಿಯಷ್ಟು ಪವರ್ ಸಪ್ಲೈ. ಚಿತ್ರಗಳನ್ನು ಇಟ್ಟುಕೊಳ್ಳುವ ಡಿಸ್ಕು ಒಂದು ಬೆರಳಿನ ಉದ್ದದ ಪಟ್ಟಿ, ಅದು ಬೋರ್ಡಿನ ಬೆನ್ನಿಗೆ ಕೂಡುತ್ತಿತ್ತು. ಬೋರ್ಡನ್ನೂ ಕಾರ್ಡನ್ನೂ ಬೆನ್ನಿಗೆ ಬೆನ್ನು ಹಚ್ಚಿ ಕೂಡ್ರಿಸಿ, ನಡುವೆ ಚಪ್ಪಟೆ ಕೇಬಲ್ಲು ಎಳೆದರು. ಸೀರೆ ಡಬ್ಬಿಯ ರಟ್ಟು ಕತ್ತರಿಸಿ ಅಳತೆ ತೆಗೆದರು. ತಯಾರಾಗಿ ಬರುವ ಪೆಟ್ಟಿಗೆ ಯಾವುದೂ ಅಷ್ಟು ಸಣ್ಣದಾಗಿರಲಿಲ್ಲ. ಅಳತೆ ಹಿಡಿದುಕೊಂಡು ನಂದಾ ಟ್ರಂಕು ಬಡಿಯುವ ಗೈಬುಸಾಬನ ಅಂಗಡಿಗೆ ಹೋದಳು.

ಗೈಬುಸಾಬನಿಗೆ ಎಪ್ಪತ್ತು ದಾಟಿತ್ತು. ತನ್ನ ಟ್ರಂಕಿನಲ್ಲಿ ಇರುವೆಯೂ ನುಸುಳದು ಎಂಬುದು ಅವನ ಹೆಮ್ಮೆ. ಅಂಥವನ ಮುಂದೆ ನಂದಾ ನಾಲ್ಕೂ ಕಡೆ ತೂತು ಬೇಕು ಎಂದಳು.

"ತೂತ ಬೇಕಂದ್ರ ಚಾಳಣಿ ಕೊಂಡ್ಕೊ ಹೋಗವ್ವಾ. ನಮ್ಮಪ್ಪ ನನಗ ಟ್ರಂಕ್ ಕಲಿಸ್ಯಾನ."

"ಒಳಗಿಂದು ಉಸಿರಾಡಬೇಕು ಕಾಕಾ. ಇಲ್ಲಂದ್ರ ಸಾಯತೈತಿ."

"ಸಾಮಾನು ಉಸಿರಾಡೂದು ಈಗ ಕೇಳಾಕತ್ತೇನಿ ನೋಡು" ಎಂದು ಗೊಣಗುತ್ತಲೇ ಮೊಳೆ ಹಿಡಿದು ಸಾಲಾಗಿ ತೂತು ಹೊಡೆದ. ಸೂಜಿ ಹಿಡಿದು ಎಳೆದಂಥ ಸಾಲು. ಹಿಡಿಕೆಯನ್ನಿಟ್ಟು ನೋಡಿದರೆ ಮಕ್ಕಳ ಪುಸ್ತಕದ ಟ್ರಂಕಿನಂತೆ ಕಾಣುತ್ತಿತ್ತು. ತೂಕ ಐದು ಕಿಲೋ. ನಂದಾ ಒಳಗೆ ಸಾಮಾನು ಇಡಿಸಿ, ಎರಡು ದಿನ ಪೆಟ್ಟಿಗೆಯ ಬಾಗಿಲು ಕೂಡ್ರಿಸದೆ ಅದನ್ನು ಓಡಿಸಿ ನೋಡಿದಳು. ಹೊನವಾಡದಲ್ಲಿ ಅರ್ಧ ದಿನ ಹಿಡಿದ ಕೆಲಸವನ್ನು ಹನ್ನೊಂದು ನಿಮಿಷದಲ್ಲಿ ಮಾಡಿತು. ಆಮೇಲೆ ಸಾಮಾನು ಹೊರತೆಗೆದು, ಪೆಟ್ಟಿಗೆಯನ್ನೂ ಬಾಗಿಲನ್ನೂ ಬಣ್ಣ ಹಚ್ಚಲು ಗೈಬುಸಾಬನಿಗೆ ಕೊಟ್ಟಳು. ಕಪ್ಪು ಬಣ್ಣ ಹಚ್ಚಿ, ಮೂರನೆಯ ದಿನ ಸಂಜೆ ಅವನೇ ತಂದುಕೊಟ್ಟ. ತೂತುಗಳ ಒಳಗೆಲ್ಲ ಕಪ್ಪಾಗಿ ಕಂಡಿತು. ಬಣ್ಣ ಇಳಿದಿರಬೇಕು ಎಂದುಕೊಂಡಳು. ರಾತ್ರಿ ಉಮರ ಬಂದು, ಮಬ್ಬು ಬೆಳಕಿನಲ್ಲೇ ಎಲ್ಲವನ್ನೂ ಒಳಗೆ ಕೂಡ್ರಿಸಿ ತಿರುಪು ಬಿಗಿದು ಹೋದ. ದೀಪ ಹತ್ತಿತು, ಪರದೆ ಬಂತು, ಆರಿಸಿದಳು.

ಮರುದಿನ ಬೆಳಿಗ್ಗೆ ಏಳಕ್ಕೆ ನಿಡೋಣಿಯಿಂದ ಫೋನು ಬಂತು. ಮಾತಾಡಿದವನು ಅರುಣಕುಮಾರ ಎಂಬ ಹುಡುಗ. ಹುಡುಗ ಎಂದರೆ ತಂದೆಯಾಗಿ ಹನ್ನೊಂದು ದಿನವಾಗಿತ್ತು. ಕೂಸು ನಸುಕಿನಲ್ಲಿ ಹಾಲು ಬಿಟ್ಟು, ಆಸ್ಪತ್ರೆಯ ದಾರಿಯಲ್ಲೇ ಹೋಗಿಬಿಟ್ಟಿತ್ತು.

ನಂದಾ ಚೀಲದಲ್ಲಿ ಪೆಟ್ಟಿಗೆ, ಕೌದಿಯಲ್ಲಿ ಸುತ್ತಿದ ತೆಳ್ಳನೆಯ ಪರದೆ, ಹೆಗಲಿಗೆ ಕ್ಯಾಮರಾ ಹೊತ್ತು ಬಬಲೇಶ್ವರದ ಬಸ್ಸು ಹತ್ತಿದಳು. ಏಪ್ರಿಲ್ ತಿಂಗಳು. ಒಂಬತ್ತಕ್ಕೇ ಬಸ್ಸಿನ ಕಂಬಿ ಕೈ ಸುಡುತ್ತಿತ್ತು.

ಕೂಸಿನ ತಾಯಿ ವಿಜಯಲಕ್ಷ್ಮೀಗೆ ಇಪ್ಪತ್ತೊಂದು ವರ್ಷ. ಬಾಣಂತಿಯ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು, ತಲೆಗೆ ಕಟ್ಟಿದ ಅರಿವೆ ಹಾಗೇ ಇತ್ತು. ಕೂಸಿನದು ಒಂದೂ ಫೋಟೋ ಇರಲಿಲ್ಲ. ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕಿ ಹೆಸರಿಡುವವರೆಗೆ ಫೋಟೋ ತೆಗೆದರೆ ದೃಷ್ಟಿಯಾಗುತ್ತದೆ ಎಂದು ಅತ್ತೆ ಬೋರವ್ವ ಎಲ್ಲರ ಫೋನನ್ನೂ ಕೋಣೆಯ ಹೊರಗೆ ಇಡಿಸಿದ್ದಳು. ಈಗ ಅವಳು ಹೊಸ್ತಿಲ ಮೇಲೆ ಕೂತು ಯಾರ ಮುಖವನ್ನೂ ನೋಡುತ್ತಿರಲಿಲ್ಲ.

"ಮಾರಿ ಒಂದು ಬೇಕ್ರಿ ನನಗ" ಎಂದಳು ವಿಜಯಲಕ್ಷ್ಮೀ. "ಕಣ್ಣ ತೆರದದ್ದು. ಇಲ್ಲಂದ್ರ ನಾ ಹಡದೇನಿ ಅನ್ನೂದಕ್ಕ ಏನೂ ಉಳಿಯಂಗಿಲ್ಲ."

ನಂದಾ ಫೋಟೋ ತೆಗೆದಳು. ಬಿಳಿ ಅರಿವೆಯಲ್ಲಿ ಸುತ್ತಿದ್ದ ಕೂಸು. ಮಣ್ಣು ಮಾಡಲು ಕಾಯುತ್ತಿದ್ದವರು ಅವಸರ ಮಾಡಿದರು, ಸಣ್ಣ ಕೂಸನ್ನು ಹೊತ್ತೇರುವವರೆಗೆ ಮನೆಯಲ್ಲಿ ಇಟ್ಟುಕೊಳ್ಳಬಾರದು ಎಂದರು. ಅರುಣಕುಮಾರ ತನ್ನ ಫೋನು ತೆಗೆದಾಗ ನಂದಾಳೇ ತಡೆದಳು.

"ನೀವು ಬ್ಯಾಡ್ರಿ, ಕೈ ನಡಗತಾವು. ನಾ ಚೊಲೋದು ಹತ್ತು ತಗದೇನಿ."

ಗಂಡಸರು ಕೂಸನ್ನು ಎತ್ತಿಕೊಂಡು ಹೋದರು.

ಬಾಣಂತಿಯ ಕೋಣೆಯಲ್ಲೇ ನಂದಾ ಪೆಟ್ಟಿಗೆ ಹಚ್ಚಿದಳು. ಹತ್ತೂ ಫೋಟೋ ಇಳಿದವು. ಇಳಿದದ್ದನ್ನು ಎರಡು ಸಲ ತೆರೆದು ನೋಡಿ, ಕಾರ್ಡನ್ನು ಅಳಿಸಿದಳು. ಮೊದಲಾಗಿದ್ದರೆ ಸ್ಟುಡಿಯೋಕ್ಕೆ ಮರಳಿ, ಪ್ರಿಂಟು ಕೈಗೆ ಬಂದ ಮೇಲೆ ಅಳಿಸುತ್ತಿದ್ದಳು. ಈಗ ಕಂಪ್ಯೂಟರು ಜೊತೆಗೇ ಇತ್ತು, ಮರುದಿನ ತಿಕೋಟಾದಲ್ಲಿ ಲಗ್ನವಿತ್ತು.

ಪರದೆಯ ತುಂಬ ಕೂಸಿನ ಮುಖ ಬಂದಾಗ ವಿಜಯಲಕ್ಷ್ಮೀ ಸರಿದು ಪಕ್ಕಕ್ಕೆ ಕೂತಳು.

"ಕಣ್ಣ ಹೆಂಗಿದ್ವವ್ವಾ? ಕರಿ ಇದ್ವೇನು?"

"ಪೂರಾ ಕರಿ ಅಲ್ಲ. ಬರಿಯೂ ಪಾಟಿ ತೊಳದ ನೀರು ಇರತೈತಲ್ರೀ, ಆ ಬಣ್ಣ."

"ನಿನ್ನ ಕಡೆ ನೋಡ್ತಿತ್ತೇನು?"

"ನನ್ನ ನೋಡ್ತಿರಲಿಲ್ಲ. ಆ ಗ್ವಾಡಿ ಮ್ಯಾಲ ಬೆಳಕ ಬೀಳತೈತಿ, ಅದನ್ನ ನೋಡ್ತಿತ್ತು."

ನಂದಾ ಅಷ್ಟನ್ನೂ ಹಾಗೇ ಹಿಡಿಯಲು ನೋಡಿದಳು. ಮೊದಲ ಸಲ ಬಂದ ಕಣ್ಣು ದೊಡ್ಡ ಮಕ್ಕಳದಾಯಿತು. ಎರಡನೆಯ ಸಲ ಬಣ್ಣ ಹತ್ತಿರ ಬಂತು. "ಇನ್ನೂ ಸಣ್ಣು. ಅರ್ಧಾ ತಗೀತಿತ್ತ್ರಿ" ಎಂದು ವಿಜಯಲಕ್ಷ್ಮೀ ಪರದೆಗೆ ಬೆರಳು ಹಚ್ಚಿ ತೋರಿಸಿದಳು. ಮೂರನೆಯದಕ್ಕೆ ಹಚ್ಚಿದಾಗ ಪೆಟ್ಟಿಗೆಯ ಫ್ಯಾನು ಒದರತೊಡಗಿತು. ಪರದೆ ಕಪ್ಪಾಯಿತು.

ಬಿಸಿಲಿನ ಝಳ ಎಂದುಕೊಂಡು ನಂದಾ ಅರ್ಧ ಗಂಟೆ ಆರಲು ಬಿಟ್ಟಳು. ಬೋರವ್ವ ಎದ್ದು ಬೀಸಣಿಗೆ ತಂದು ಪೆಟ್ಟಿಗೆಗೆ ಗಾಳಿ ಹಾಕಿದಳು. ಮತ್ತೆ ಹಚ್ಚಿದರು. ಮತ್ತೆ ಆರಿತು. ಮೂರನೆಯ ಸಲ ಹಚ್ಚಿದಾಗ ಸುಟ್ಟ ವಾಸನೆ ಬಂತು, ಆಮೇಲೆ ದೀಪವೇ ಹತ್ತಲಿಲ್ಲ.

"ಫೋಟೋ ಒಳಗ ಅದಾವವ್ವಾ, ಎಲ್ಲಿ ಹೋಗಂಗಿಲ್ಲ" ಎಂದಳು ನಂದಾ. "ಉಮರನ ಕಡಿಂದ ರಿಪೇರಿ ಮಾಡಿಸಿ, ಎರಡ ದಿನದಾಗ ನಾನ ಬರತೇನಿ. ನಿನ್ನ ಪಕ್ಕಕ್ಕ ಕುಂತ ಮುಗಸತೇನಿ."

ಅವಳು ಸುಳ್ಳು ಹೇಳಲಿಲ್ಲ. ಹಾಗೆಂದೇ ನಂಬಿದ್ದಳು. ನಂಬಿದ್ದಕ್ಕೇ ಮರುದಿನ ಅದೇ ಕಾರ್ಡನ್ನು ಕ್ಯಾಮರಾಕ್ಕೆ ಹಾಕಿಕೊಂಡು ತಿಕೋಟಾದ ಲಗ್ನಕ್ಕೆ ಹೋಗಿ, ಕಾರ್ಡು ತುಂಬುವವರೆಗೆ ಫೋಟೋ ಹೊಡೆದಳು.

ಅದರ ಮರುದಿನ ಉಮರ ತಿರುಪು ಬಿಚ್ಚಿ ಬಾಗಿಲು ತೆಗೆದ. ತೂತುಗಳ ಸಾಲು ಸಾಲಿಗೂ ಒಳಗಿನಿಂದ ದಪ್ಪ ಕರಿಯ ಕಂಬಳಿಯ ಪಟ್ಟಿಗಳನ್ನು ಸರೇಸು ಹಚ್ಚಿ ಅಂಟಿಸಲಾಗಿತ್ತು. ಅಂಚು ಎಲ್ಲಿಯೂ ಎದ್ದಿರಲಿಲ್ಲ, ಅಷ್ಟು ನಾಜೂಕು ಕೆಲಸ.

"ಇದನ್ನ ಬಣ್ಣ ಅನಕೊಂಡಿದ್ನಲ್ಲಾ ನಾನೂ" ಎಂದ ಉಮರ. ಬೋರ್ಡಿನ ಬೆನ್ನು ತಿರುಗಿಸಿದ. ಡಿಸ್ಕಿನ ಪಟ್ಟಿ ಗ್ರಾಫಿಕ್ಸ್ ಕಾರ್ಡಿನ ಕಾವಿಗೆ ಒಂದು ತುದಿಯಲ್ಲಿ ಕಂದಿತ್ತು. ದಿನವೆಲ್ಲ ಅದನ್ನು ಬೇರೆ ಬೇರೆ ಕಂಪ್ಯೂಟರಿಗೆ ಹಚ್ಚಿ ನೋಡಿದ. ಸಂಜೆಗೆ ತಲೆಯೆತ್ತಿದ.

"ಇದು ಹೋತು ಅಕ್ಕಾ. ಕ್ಯಾಮರಾದ ಕಾರ್ಡ ಕೊಡು, ಅಳಿಸಿದ್ದು ತಗೀಲಿಕ್ಕೆ ಬರತೈತಿ."

"ಅಳಿಸಿದ್ದು ಬರತೈತಿ?"

"ಅದರ ಮ್ಯಾಲ ಮತ್ತೇನೂ ಹೊಡದಿರಲಿಲ್ಲಂದ್ರ."

ನಂದಾ ಅಲ್ಲೇ ಸ್ಟೂಲಿನ ಮೇಲೆ ಕೂತಳು. ಕಾರ್ಡಿನಲ್ಲಿ ಏನಿತ್ತು ಎಂದು ಹೇಳಬೇಕಾಗಲಿಲ್ಲ. ಆದರೂ ಉಮರ ಕಾರ್ಡು ಇಸಿದುಕೊಂಡು ಎರಡು ದಿನ ಹುಡುಕಿದ. ಮದುಮಗಳ ಮೆಹಂದಿಯ ಕೈಗಳು ಸಿಕ್ಕವು, ಊಟದ ಸಾಲು ಸಿಕ್ಕಿತು.

ಗೈಬುಸಾಬನ ಅಂಗಡಿಗೆ ಹೋಗಿ ಅವಳು ಪೆಟ್ಟಿಗೆಯನ್ನು ಅವನ ಮುಂದಿಟ್ಟಳು.

"ಕಂಬಳಿ ಹಚ್ಚು ಅಂತ ಯಾರ ಹೇಳಿದ್ರು ಕಾಕಾ?"

"ಯಾರ ಹೇಳಬೇಕವ್ವಾ? ಬಸ್ಸಿನ್ಯಾಗ ಒಯ್ತಿ, ಹಳ್ಳಿ ಧೂಳ, ಇಲಿ, ಹಲ್ಲಿ. ಬಾಯಿ ತೆರದ ಪೆಟ್ಟಿಗಿ ಕೊಟ್ಟು ಕಳಿಸಾಕ ನನಗ ಜೀವ ಒಪ್ಪಲಿಲ್ಲ. ಹೊಸಾ ಕಂಬಳಿ ಅದು, ನನ್ನ ಸೊಸಿ ತಸ್ಲೀಮನ ಕೇಳು. ಅದಕ್ಕೂ ಬ್ಯಾರೆ ರೊಕ್ಕ ಕೇಳೇನೇನು ನಾ?"

ಕೂಸಿನ ಮಾತನ್ನು ಅವನಿಗೆ ಹೇಳಬೇಕೆಂದೇ ಬಂದಿದ್ದಳು. ಹೇಳಲಿಲ್ಲ. ಕಿತ್ತುಬಿಡು ಎಂದಷ್ಟೇ ಹೇಳಿದಳು. ಮುದುಕ ಮುಖ ಗಂಟಿಕ್ಕಿಕೊಂಡು, ಇಕ್ಕಳದಿಂದ ಒಂದೊಂದೇ ಪಟ್ಟಿ ಕಿತ್ತು ಮಡಚಿ ಇಟ್ಟ.

ಎರಡು ದಿನವೆಂದಿದ್ದು ಆರು ದಿನವಾಗಿತ್ತು. ನಂದಾ ಬರಿಗೈಯಲ್ಲಿ ನಿಡೋಣಿಗೆ ಹೋದಳು. ವಿಜಯಲಕ್ಷ್ಮೀ ಅದೇ ಗೋಡೆಗೆ ಒರಗಿದ್ದಳು. ಎದೆಯ ಹಾಲು ಕಟ್ಟಿ ಜ್ವರ ಬಂದು ಇಳಿದಿತ್ತು. ನಂದಾ ಕೂತು, ಆದದ್ದನ್ನು ಆದ ಹಾಗೇ ಹೇಳಿದಳು. ಕಾರ್ಡನ್ನು ಅಳಿಸಿದವಳು ತಾನು, ಅದರ ಮೇಲೆ ಲಗ್ನ ಹೊಡೆದವಳೂ ತಾನು, ಅರುಣಕುಮಾರನ ಫೋನಿಗೆ ಅಡ್ಡ ಬಂದವಳೂ ತಾನೇ. ಕಂಬಳಿಯ ಮಾತು ಎತ್ತಲಿಲ್ಲ.

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೊಸ್ತಿಲ ಮೇಲಿದ್ದ ಬೋರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೊದಲು ಫೋಟೋ ಬೇಡವೆಂದವಳು ಅವಳೇ ಅಲ್ಲವೇ.

ವಿಜಯಲಕ್ಷ್ಮೀ ಕೇಳಿದಳು, "ನೀವು ಅದರ ಮಾರಿ ಎಷ್ಟೊತ್ತು ನೋಡಿದ್ರಿ?"

"ಎರಡ ತಾಸಾತು."

"ದೊಡ್ಡದು ಮಾಡಿ ನೋಡಿದ್ರಿ. ನಾ ಅಷ್ಟ ದೊಡ್ಡದ ನೋಡಿಲ್ಲ. ಹೆಂಗಿತ್ತು ಹೇಳ್ರಿ."

ನಂದಾ ಹೇಳತೊಡಗಿದಳು. ಮೂಗಿನ ಕೆಳಗೆ ತನ್ನ ಉಗುರಿನಿಂದಲೇ ಗೀರಿಕೊಂಡ ಒಂದು ಗೆರೆ. ಕಿವಿಯ ಮೇಲಿನ ಅಂಚಿಗೆ ಬಂಗಾರದಂಥ ಕೂದಲು. ಕೆಳತುಟಿಯ ನಡುವೆ ಹಾಲು ಕುಡಿದು ಎದ್ದ ಸಣ್ಣ ಗುಳ್ಳೆ. ವಿಜಯಲಕ್ಷ್ಮೀ ಒಂದೊಂದಕ್ಕೂ ಹ್ಞೂಂ ಎನ್ನುತ್ತಿದ್ದಳು, ಕಥೆಗೆ ಹ್ಞೂಂಗುಟ್ಟಿದಂತೆ.

"ಹುಬ್ಬಿನ ಮ್ಯಾಲ ಕೆಂಪಂದೊಂದು ಕಲಿ ಇತ್ತು, ಎಳ್ಳಿನಷ್ಟು" ಎಂದಳು ನಂದಾ.

"ಯಾವ ಹುಬ್ಬು?"

ನಂದಾಳ ಮನಸ್ಸಿನಲ್ಲಿ ಮುಖವಿತ್ತು, ಕಲೆಯೂ ಇತ್ತು. ಯಾವ ಕಡೆಗೆ ಎಂಬುದು ಮಾತ್ರ ಇರಲಿಲ್ಲ. ತಡವರಿಸಿದರೆ ಹೇಳಿದ್ದೆಲ್ಲ ಸುಳ್ಳಾಗುತ್ತದೆ ಎನಿಸಿತು.

"ಎಡಗಡೆದು."

ವಿಜಯಲಕ್ಷ್ಮೀ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಹುಡುಕಿದಳು. "ಹೌದ್ರಿ, ಎಡಕ್ಕ" ಎಂದಳು. ತನ್ನ ಎಡ ಹುಬ್ಬಿನ ಮೇಲೆ ಬೆರಳಿಟ್ಟುಕೊಂಡಳು. ಆರು ದಿನದಲ್ಲಿ ಮೊದಲ ಸಲ ಅವಳ ಮುಖ ಸಡಿಲಾಯಿತು.

ಬಸ್ಸಿನ ಹೊತ್ತಾಯಿತೆಂದು ನಂದಾ ಎದ್ದಾಗ ಬೋರವ್ವ ಚಪ್ಪಲಿ ಮೆಟ್ಟಿ ಜೊತೆಗೆ ಬಂದಳು. ಇಬ್ಬರೂ ನಿಲ್ದಾಣಕ್ಕೆ ಬಂದರು. ದೂರದಲ್ಲಿ ಬಸ್ಸಿನ ಧೂಳು ಕಂಡಾಗ ಮುದುಕಿ ಬಾಯಿ ತೆರೆದಳು.

"ಬಲಕ್ಕಿತ್ತವ್ವಾ ಅದು. ಹನ್ನೊಂದ ದಿನ ನಾನ ಎಣ್ಣಿ ಹಚ್ಚಿ ಎರದೇನಿ ಅದಕ್ಕ. ಎರಿಯುವಾಗ ದಿನಾ ಅದರ ಮ್ಯಾಲ ಬೆರಳ ಆಡಸ್ತಿದ್ದೆ."

ನಂದಾ ಬಂದ ದಾರಿಯ ಕಡೆಗೆ ತಿರುಗಿದಳು. ಬೋರವ್ವ ಅವಳ ರಟ್ಟೆ ಹಿಡಿದು ನಿಲ್ಲಿಸಿದಳು.

"ಬ್ಯಾಡ, ಹೋಗಬ್ಯಾಡ. ಎಡಕ್ಕ ಅಂತ ಕುಂತಾಳ. ಕುಂದರ್ಲಿ."