ಬೀಗರ ಕಪಾಟು

ಸೂರತ್‌ನ ಕತಾರ್‌ಗಾಮ್‌ನಲ್ಲಿ ಉಡುಪಿ ಹೋಟೆಲು ನಡೆಸುವ ನನ್ನ ಬೀಗರ ಮೇಲೆ ನನಗೆ ಹೊಟ್ಟೆಕಿಚ್ಚು. ಮುಚ್ಚಿಟ್ಟುಕೊಂಡು ಬರೆಯಹೊರಟರೆ ಎರಡನೆಯ ಪುಟಕ್ಕೇ ಸಿಕ್ಕಿಬೀಳುತ್ತೇನೆ, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಅವರ ಹೋಟೆಲಿನ ಮುಂದೆ ಬೆಳಗ್ಗೆ ವಜ್ರ ಉಜ್ಜುವವರು ಸಾಲುಗಟ್ಟಿ ನಿಲ್ಲುತ್ತಾರಲ್ಲ, ಅದನ್ನು ಕಂಡು ನನಗೇನೂ ಆಗುವುದಿಲ್ಲ. ಅವರು ಹೊಸ ಕಾರು ತಂದಾಗ ನಗುನಗುತ್ತಲೇ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟವನು ನಾನು. ನನಗೆ ಉರಿದದ್ದು ಬೇರೆ ಕಾರಣಕ್ಕೆ. ನನ್ನ ಮಗಳು, ಅಂದರೆ ಅವರ ಸೊಸೆ, ತನ್ನ ಕಂಪ್ಯೂಟರ್ ಫೈಲುಗಳನ್ನೆಲ್ಲ ಇಡಲು ಯಾವ ಪೆಟ್ಟಿಗೆ ಕೊಳ್ಳಲಿ ಎಂದು ಅವರನ್ನು ಕೇಳಿದಳು, ನನ್ನನ್ನು ಕೇಳಲಿಲ್ಲ.

ಇದು ಎಂಥ ಅನ್ಯಾಯವೆಂದು ತಿಳಿಯಬೇಕಾದರೆ ನನ್ನ ಕೆಲಸ ಏನಾಗಿತ್ತೆಂದು ಹೇಳಬೇಕು. ಅಹಮದಾಬಾದಿನಲ್ಲಿ ಕೇಂದ್ರ ಸರ್ಕಾರದ ಒಂದು ಸಂಶೋಧನಾ ಸಂಸ್ಥೆಯ ಕಂಪ್ಯೂಟರ್ ಕೋಣೆಯಲ್ಲೇ ನನ್ನ ತಲೆ ನರೆತಿದ್ದು. ಮೇ ತಿಂಗಳಲ್ಲಿ ಊರೆಲ್ಲ ಮಜ್ಜಿಗೆಗೆ ಬಾಯಿಬಿಡುವಾಗ ನಾನು ಆ ಕೋಣೆಯ ಚಳಿಗೆ ಸ್ವೆಟರ್ ಹಾಕಿಕೊಂಡು ಕೂತಿರುತ್ತಿದ್ದೆ. ಉಪಗ್ರಹಗಳು ಕಳಿಸಿದ ಚಿತ್ರಗಳನ್ನು ಮೊದಲು ಟೇಪುಗಳಲ್ಲಿ, ಆಮೇಲೆ ಆಳೆತ್ತರದ ರ‍್ಯಾಕುಗಳಲ್ಲಿ ಕೂರಿಸಿದ ಡಿಸ್ಕುಗಳಲ್ಲಿ ಕಣ್ಣಲ್ಲಿ ಕಣ್ಣಿಟ್ಟು ಕಾದೆ. ನನ್ನ ಕೈಯಲ್ಲಿ ಒಂದು ಚಿತ್ರವೂ ಹಾಳಾಗಲಿಲ್ಲ. ಇಂಥವನು ಮನೆಯಲ್ಲಿ ಪೇಪರ್ ಓದುತ್ತ ಕೂತಿರುವಾಗ, ಸಾಂಬಾರಿಗೆ ಒಗ್ಗರಣೆ ಹಾಕುವವರನ್ನು ಹುಡುಕಿಕೊಂಡು ಹೋಗಿ ಕೇಳುವುದೆಂದರೆ!

ವಿಷಯ ನನ್ನ ಕಿವಿಗೆ ಬಿದ್ದದ್ದೂ ಹೆಂಡತಿಯ ಫೋನಿನಿಂದ. ಮಗಳು, ಅಳಿಯ ಇರುವುದು ವಡೋದರಾದಲ್ಲಿ; ಅಳಿಯನಿಗೆ ಅಲ್ಲಿಯ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಕೆಲಸ. ಮಗಳು ಮನೆಯ ಒಂದು ಕೋಣೆಯಲ್ಲಿ ಇಬ್ಬರು ಹುಡುಗಿಯರನ್ನು ಇಟ್ಟುಕೊಂಡು, ಸೂರತ್‌ನ ಮಿಲ್ಲುಗಳಿಗೆ ಸೀರೆ, ಗರ್ಬಾ ಕುಣಿತಕ್ಕೆ ಉಡುವ ಚನಿಯಾ ಚೋಳಿಗಳ ಮೇಲೆ ಅಚ್ಚಾಗುವ ಡಿಸೈನು ಮಾಡಿಕೊಡುತ್ತಾಳೆ. ಆ ಫೈಲುಗಳು ಬಹಳ ದೊಡ್ಡವು. ಅವನ್ನು ಅಂಗೈಯಗಲದ ಡಿಸ್ಕುಗಳಿಗೆ ತುಂಬಿ, ಥೇಪ್ಲಾ ರೊಟ್ಟಿಯ ಡಬ್ಬಿಯೊಳಗೆ ಹಾಕಿಡುವುದು ಅವಳ ಪದ್ಧತಿ. ಒಂದು ದಿನ ಯಾರದೋ ಕಾಲಿಗೆ ವೈರು ಸಿಕ್ಕಿ ಡಿಸ್ಕು ನೆಲಕ್ಕೆ ಬಿತ್ತು. ನವರಾತ್ರಿಗೆಂದು ಮಾಡಿದ ಕೆಲಸವೆಲ್ಲ ಅದರಲ್ಲಿತ್ತು, ಏನೂ ವಾಪಸು ಬರಲಿಲ್ಲ.

ಹೆಂಡತಿ ಸ್ಪೀಕರ್ ಹಾಕಿಕೊಂಡು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಮಗಳ ದನಿ ಅತ್ತು ಅತ್ತು ಕಟ್ಟಿಹೋಗಿತ್ತು.

"ಇನ್ನು ಈ ಲೂಸ್ ಡಿಸ್ಕ್ ಸಹವಾಸ ಸಾಕಮ್ಮ. ನ್ಯಾಸ್ ಬಾಕ್ಸ್ ಅಂತ ಬರುತ್ತೆ, ಎಲ್ಲರ ಫೈಲೂ ಒಂದೇ ಕಡೆ ಹೋಗಿ ಕೂರುತ್ತೆ. ಮಾವನ್ನ ಕೇಳಿದೆ. ಕಪಾಟಲ್ಲಿ ಫಿಟ್ ಮಾಡೋ ಟೈಪೇ ತೊಗೋ, ಬಾಗಿಲು ಹಾಕಿಟ್ರೆ ಯಾರ ಕಾಲೂ ತಾಗಲ್ಲ ಅಂದ್ರು."

"ನಾನು ಇಲ್ಲೇ ಇದ್ದೀನಿ," ಎಂದು ಕುರ್ಚಿಯಿಂದಲೇ ಕೂಗಿದೆ.

"ಹಾಂ ಅಪ್ಪ, ಗೊತ್ತು," ಎಂದಳು. ಅಷ್ಟಕ್ಕೇ ಮಾತು ಮುಗಿಯಿತು. ನಾನು ಯಾಕೆ ಇಲ್ಲಿದ್ದೇನೆ, ಏನು ಬಲ್ಲೆ, ಒಂದನ್ನೂ ಕೇಳಲಿಲ್ಲ.

"ರೀ, ಮುಖ ಯಾಕೆ ಊದಿಸ್ಕೊಂಡಿದ್ದೀರ? ಅವರೂ ಅವಳಿಗೆ ಅಪ್ಪನ ಥರಾನೇ ಅಲ್ವಾ," ಎಂದಳು ಹೆಂಡತಿ. ಸಮಾಧಾನ ಹೇಳುವುದರಲ್ಲಿ ಅವಳದು ಯಾವಾಗಲೂ ಹೀಗೆ, ಗಾಯ ಎಲ್ಲಿದೆಯೋ ಅಲ್ಲೇ ಕೈಯಿಡುತ್ತಾಳೆ. ಆ ದಿನ ನನಗೆ ಮೆಂತ್ಯದ ಪಲ್ಯ ರುಚಿಸಲಿಲ್ಲ.

ಅದಾದ ಕೆಲವು ದಿನಕ್ಕೆ ಸೂರತ್‌ನ ಹೋಟೆಲಿನಲ್ಲಿ ಸತ್ಯನಾರಾಯಣ ಪೂಜೆ. ಹೋಗದಿದ್ದರೆ ಚೆನ್ನಾಗಿರುವುದಿಲ್ಲವೆಂದು ಹೋದೆವು. ಪ್ರಸಾದ ಕೈಗೆ ಬೀಳುವ ಮೊದಲೇ ಬೀಗರು ನನ್ನ ಭುಜ ಹಿಡಿದುಕೊಂಡರು.

"ಬನ್ನಿ ರಾಯ್ರೆ, ನಿಮಗೆ ಒಂದು ತೋರಿಸ್ಲಿಕ್ಕುಂಟು."

ಗಲ್ಲಾದ ಹಿಂದಿನ ಗೋಡೆಯಲ್ಲಿ ಗಾಜಿನ ಬಾಗಿಲಿನ ಕಪ್ಪು ಕಬ್ಬಿಣದ ಕಪಾಟು ಇತ್ತು. ಅಡುಗೆಮನೆ, ಗಲ್ಲಾ, ಹಿಂಬಾಗಿಲು, ಎಲ್ಲ ಕಡೆಯ ಕ್ಯಾಮೆರಾಗಳ ಚಿತ್ರ ಬಂದು ಸೇರುವ ಯಂತ್ರ ಅದರೊಳಗೆ ಹಸಿರು ದೀಪ ಮಿಟುಕಿಸುತ್ತ ಕೂತಿತ್ತು. ಕಪಾಟಿನ ನೆತ್ತಿಗೆ ಕುಂಕುಮ ಹಚ್ಚಿ, ಒಂದು ಸೇವಂತಿಗೆ ಹೂವನ್ನೂ ಇಟ್ಟಿದ್ದರು. ಬೀಗರು ಜುಬ್ಬಾದ ಜೇಬಿನಿಂದ ಕೀಲಿ ತೆಗೆದು, ಬಾಗಿಲು ತೆರೆದು, ಒಳಗೆ ಒಮ್ಮೆ ನೋಡಿ, ಮತ್ತೆ ಮುಚ್ಚಿದರು.

"ಒಳಗೆ ಎಂಥ ಉಂಟು ಅಂತ ನನಗೆ ಗೊತ್ತಿಲ್ಲ ಮಾರಾಯ್ರೆ. ಬಾಗಿಲು ಹಾಕಿದ್ರೆ ನಿದ್ದೆ ಬರ್ತದೆ, ಅಷ್ಟು ಗೊತ್ತು. ನಮ್ಮ ಹುಡುಗಿಗೂ ಇಂಥದ್ದೇ ಒಂದು ಕಳಿಸಿದ್ದೇನೆ."

"ಕಳಿಸಿಬಿಟ್ರಾ?"

"ಮೊನ್ನೆಯೇ ಟೆಂಪೋದಲ್ಲಿ ಹೋಯ್ತು. ನೀವು ಕಾಫಿ ತಕೊಳ್ಳಿ."

ನಮ್ಮ ಹುಡುಗಿಯಂತೆ! ಅವಳಿಗೆ ಸೈಕಲ್ ಕಲಿಸುವಾಗ ಹಿಂದೆ ಓಡಿದವನು ನಾನು. ಒಳಗೆ ಏನಿದೆಯೆಂದೇ ತಿಳಿಯದ ಮನುಷ್ಯ ಮೊದಲೇ ಕಪಾಟು ಕಳಿಸಿ ಗೆದ್ದುಬಿಟ್ಟಿದ್ದ. ಕಾಫಿ ಬಂತು. ಬಹಳ ಚೆನ್ನಾಗಿತ್ತು, ಅದೂ ನನ್ನ ಸಿಟ್ಟನ್ನು ಹೆಚ್ಚಿಸಿತು.

ನಿಜ ಹೇಳಬೇಕೆಂದರೆ ಮನೆಗೆ ಇಂಥ ಕಬ್ಬಿಣದ ರ‍್ಯಾಕೇ ಬೇಡವೆಂದು ನನ್ನ ಅಭಿಪ್ರಾಯ. ಮೂರು ಜನರ ಕೆಲಸಕ್ಕೆ ಮೇಜಿನ ಮೂಲೆಯಲ್ಲಿಡುವ ಪುಟ್ಟ ಪೆಟ್ಟಿಗೆ ಸಾಕು. ಆದರೆ ಕಪಾಟು ಅವರದ್ದಾಗಿ ಹೋಗಿತ್ತು. ಇನ್ನು ಅದರೊಳಗೆ ಕೂರುವುದಾದರೂ ನನ್ನದಾಗಬೇಕು ಎಂದು ಅಹಮದಾಬಾದಿಗೆ ಮರಳಿದವನೇ ಹಟ ಹಿಡಿದು ಕೂತೆ. ಡಿಸ್ಕುಗಳಿಗೆ ಎಷ್ಟು ಗೂಡು, ಒಂದು ಡಿಸ್ಕು ಕೆಟ್ಟರೂ ಉಳಿದವು ಕೆಲಸ ನಡೆಸುತ್ತವೆಯೇ, ಕರೆಂಟಿನ ಜೋಡಣೆ ಒಂದೇ ಇದೆಯೋ ಎರಡಿವೆಯೋ, ವೇಗವೆಷ್ಟು, ಎಲ್ಲವನ್ನೂ ತೂಗಿ ನೋಡಿದೆ. ಕೊನೆಗೆ ಆರಿಸಿದ್ದು ಉದ್ದನೆಯ, ಭಾರಿ ಯಂತ್ರ. ನಮ್ಮ ಸಂಸ್ಥೆಯ ಕೋಣೆಯಲ್ಲಿದ್ದರೂ ತಲೆಯೆತ್ತಿ ನಿಲ್ಲುವಂಥದ್ದು. ಕಾರಣಗಳನ್ನೆಲ್ಲ ಬಿಡಿಸಿ ಮಗಳಿಗೆ ವಾಟ್ಸ್ಯಾಪಿನಲ್ಲಿ ಬರೆದು ಕಳಿಸಿದೆ. ಅವಳು ಹೆಬ್ಬೆರಳೊಂದನ್ನು ತಿರುಗಿ ಕಳಿಸಿದಳು.

ಅದೇ ಸಂಜೆ ಬೀಗರು ಕುಟುಂಬದ ಗುಂಪಿನಲ್ಲಿ ವಡೋದರಾದ ಗೋಡೆಗೆ ಕೂತ ಕಪಾಟಿನ ಫೋಟೋ ಹಾಕಿದರು. ಅದರ ಕೆಳಗೆ ಮಗಳು ಕೆಂಪು ಹೃದಯಗಳ ಸಾಲನ್ನೇ ಇಟ್ಟಿದ್ದಳು. ಖಾಲಿ ಕಬ್ಬಿಣದ ಡಬ್ಬಕ್ಕೆ ಹೃದಯ, ನನ್ನ ವಿದ್ಯೆಗೆ ಹೆಬ್ಬೆರಳು. ಫೋನನ್ನು ಮಗುಚಿ ಹಾಕಿದೆ, ಮತ್ತೆ ತೆಗೆದು ನೋಡಿದೆ. ಬೀಗಿತ್ತಿಯವರೂ ಒಂದು ಹೃದಯ ಹಾಕಿದ್ದರು. ನನ್ನ ಹೆಂಡತಿಯೂ ಹಾಕಿದ್ದಳು.

ಫೋಟೋವನ್ನು ದೊಡ್ಡದು ಮಾಡಿ ನೋಡುತ್ತಿದ್ದಾಗ ಒಂದು ಅನುಮಾನ ಹೊಳೆಯಿತು. ಮರುದಿನ ಬೆಳಗಿನ ರೈಲಿಗೆ ಅಳತೆಯ ಟೇಪು ಹಿಡಿದು ವಡೋದರಾಕ್ಕೆ ಹೊರಟೆ. ಮಗಳು ಚಹಾ ಎನ್ನುವಷ್ಟರಲ್ಲಿ ನಾನು ಅವಳ ಕೆಲಸದ ಕೋಣೆಯಲ್ಲಿ ಕಪಾಟಿನ ಬಾಗಿಲು ತೆರೆದು, ಯಂತ್ರ ಸಿಕ್ಕಿಸುವ ಮುಂಗಂಬಿಯಿಂದ ಹಿಂಗೋಡೆಗೆ ಟೇಪು ಎಳೆದಿದ್ದೆ. ನನ್ನ ಊಹೆ ನಿಜವಾಗಿತ್ತು. ಇಂಥ ಗೋಡೆ ಕಪಾಟುಗಳು ಕ್ಯಾಮೆರಾ, ಇಂಟರ್ನೆಟ್ಟಿನ ಸಣ್ಣ ಪೆಟ್ಟಿಗೆಗಳಿಗೆಂದು ಮಾಡಿದವು. ಅಗಲ ಎಲ್ಲದರದೂ ಒಂದೇ ಇರುತ್ತದೆ, ಒಳಗಿನ ಆಳ ಕಮ್ಮಿ. ನಾನು ಆರಿಸಿದ ಯಂತ್ರವನ್ನು ಅದರೊಳಗೆ ತೂರಿಸಿದರೆ ಗೇಣುದ್ದ ಹೊರಗೇ ಉಳಿಯುತ್ತದೆ, ಬಾಗಿಲು ಮುಚ್ಚುವುದೇ ಇಲ್ಲ.

ನನಗಾದ ಸಂತೋಷವನ್ನು ಏನೆಂದು ಹೇಳಲಿ! ಬಾಗಿಲು ಮುಚ್ಚುತ್ತದೆಂದೇ ತಾನೆ ಅವರು ಕಪಾಟು ಕಳಿಸಿದ್ದು? ನಾನೇ ಬೀಗರಿಗೆ ವಿಡಿಯೋ ಕಾಲ್ ಹಚ್ಚಿ, ಟೇಪನ್ನು ಕ್ಯಾಮೆರಾದ ಮುಂದೆ ಹಿಡಿದೆ.

"ನಿಮ್ಮ ಕಪಾಟು ಚಿಕ್ಕದಾಯ್ತು ಬೀಗರೇ. ವಾಪಸ್ ಕಳಿಸ್ಬೇಕಾಗುತ್ತೆ."

"ಹೌದಾ? ಹಾಗಾದ್ರೆ ಸಣ್ಣ ಯಂತ್ರ ತಕೊಳ್ಳುವಾ."

"ಯಂತ್ರಕ್ಕೆ ಕಪಾಟೋ, ಕಪಾಟಿಗೆ ಯಂತ್ರವೋ?"

"ಅದೂ ಹೌದು. ಬಾಗಿಲನ್ನೇ ತೆಗೆದುಬಿಟ್ರೆ ಆಗ್ತದಾ ಮಾರಾಯ್ರೆ?"

ನಾನು ದನಿಯೇರಿಸಿದೆ. ಅಳಿಯ ತಿಂಡಿ ತರುತ್ತೇನೆಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಮಾಯವಾದ. ಹುಡುಗಿಯರಿಬ್ಬರೂ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಮಗಳು ನನ್ನ ಕೈಯಿಂದ ಫೋನು ತೆಗೆದುಕೊಂಡು, "ಮಾವ, ನಾನು ಆಮೇಲೆ ಮಾಡ್ತೀನಿ," ಎಂದು ಇಟ್ಟಳು. ಆಮೇಲೆ ಟೇಪನ್ನೂ ತೆಗೆದುಕೊಂಡಳು.

"ಅಪ್ಪ, ನಾನು ಆಗಲೇ ಆರ್ಡರ್ ಮಾಡಿದ್ದೀನಿ. ರ‍್ಯಾಕ್‌ದೇ, ಆದ್ರೆ ಕಮ್ಮಿ ಉದ್ದದ್ದು. ನಾಲ್ಕು ಡಿಸ್ಕ್ ಹಿಡಿಯುತ್ತೆ. ಕಪಾಟು ಬಂದ ದಿನಾನೇ ನಾನೂ ಅಳತೆ ತೊಗೊಂಡೆ."

"ನನ್ನದಕ್ಕೇನಾಗಿತ್ತು?"

"ಅದರ ಫ್ಯಾನ್ ಸದ್ದು ಕೇಳಿದ್ದೀಯಾ? ಗೋಡೆಯಾಚೆ ನಾವು ಮಲಗೋ ರೂಮು. ನೀನು ಎಲ್ಲ ಬರೆದೆ, ನಾನು ಎಲ್ಲಿ ಮಲಗ್ತೀನಿ ಅಂತ ಕೇಳಲಿಲ್ಲ."

ಫ್ಯಾನಿನ ಸದ್ದು ನನಗೆ ಸದ್ದೆಂದೇ ಅನ್ನಿಸುವುದಿಲ್ಲ. ನಿವೃತ್ತಿಯಾದ ಹೊಸದರಲ್ಲಿ ಆ ಸದ್ದಿಲ್ಲದೆ ನನಗೆ ನಿದ್ದೆ ಬರುತ್ತಿರಲಿಲ್ಲ. ಆದರೆ ಅದನ್ನೆಲ್ಲ ಹೇಳುವ ಹೊತ್ತು ಅದಾಗಿರಲಿಲ್ಲ. ಒಳಗೆ ಕುದಿಯುತ್ತಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ.

"ಎಲ್ಲ ನಿನಗೇ ಗೊತ್ತಿತ್ತಲ್ಲ, ಮತ್ತೆ ಅವರನ್ನ ಯಾಕೆ ಕೇಳ್ದೆ?"

ಅವಳು ಟೇಪನ್ನು ಸುತ್ತುತ್ತ ನಿಂತಳು. "ಮಾವನ್ನ ಏನಾದ್ರೂ ಕೇಳಿದ್ರೆ, ನಿನಗೆ ಹೇಗೆ ಅನ್ಸುತ್ತೆ ಮಗಾ ಅಂತಾರೆ. ಆಗ ನಾನು ಹೇಳ್ತಾ ಹೇಳ್ತಾ ನನಗೇ ಗೊತ್ತಾಗುತ್ತೆ. ನಿನ್ನ ಕೇಳಿದ್ರೆ ಎಲ್ಲ ಕರೆಕ್ಟಾಗಿ ಹೇಳ್ತೀಯ, ಆದ್ರೆ ಆಮೇಲೆ ಅದು ನಿನ್ ಡಿಸಿಷನ್ ಆಗೋಗುತ್ತೆ ಅಪ್ಪ."

ಅಳಿಯ ತಂದ ಸೇವ್ ಉಸಳ್ ಖಾರವಾಗಿತ್ತು, ಕಣ್ಣಲ್ಲಿ ನೀರು ಬರಲು ಅದೊಂದು ನೆಪವಾಯಿತು. ಬೀಗರಿಗೆ ಏನೂ ಗೊತ್ತಿಲ್ಲ, ಆ ಗೊತ್ತಿಲ್ಲದಿರುವಿಕೆಯಿಂದಲೇ ಅವರು ನನ್ನ ಮಗಳನ್ನು ಗೆದ್ದುಕೊಂಡಿದ್ದರು. ಇದಕ್ಕಿಂತ ಹೊಟ್ಟೆ ಉರಿಸುವ ಸಂಗತಿ ಇನ್ನೇನಿದೆ? ಗೊತ್ತಿದ್ದದ್ದನ್ನು ಮರೆಯುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ.

ಯಂತ್ರ ಬಂದ ದಿನವೂ ನಾನು ಹೋಗಿದ್ದೆ. ಮಗಳು ಸ್ಕ್ರೂಡ್ರೈವರ್ ಹಿಡಿದು ತಾನೇ ಕೂರಿಸಿದಳು, ಡಿಸ್ಕುಗಳನ್ನು ತಾನೇ ತಳ್ಳಿದಳು. ಒಂದು ಡಿಸ್ಕನ್ನು ಹೆಚ್ಚಿಗೆ ತರಿಸಿ ಅಲ್ಮೇರಾದಲ್ಲಿಟ್ಟಳು. ಬೆನ್ನ ಹಿಂದೆ ಕೈಕಟ್ಟಿ ನಿಲ್ಲುವುದು ಎಷ್ಟು ಕಷ್ಟವೆಂದು ನನಗೆ ಆವತ್ತು ತಿಳಿಯಿತು. ಬಾಗಿಲು ಸಲೀಸಾಗಿ ಮುಚ್ಚಿತು. ಏನಾದರೂ ಕೆಟ್ಟರೆ ಯಾರಿಗೆ ಸಂದೇಶ ಕಳಿಸಲಿ ಎಂದು ಯಂತ್ರ ಕೇಳಿದಾಗ ಅವಳು ತನ್ನ ಇ-ಮೇಲ್ ವಿಳಾಸ ಹಾಕಿ, ನನ್ನದನ್ನೂ ಹಾಕಿದಳು. ನಾನು ಕನ್ನಡಕ ಸರಿಮಾಡಿಕೊಂಡೆ. ನನ್ನದರ ಕೆಳಗೆ ಬೀಗರದೂ ಬಂತು.

"ಅವರಿಗೆ ಯಾಕೆ? ಅವರಿಗೇನು ತಿಳಿಯುತ್ತೆ?"

"ಕಪಾಟು ಅವರದು ಅಪ್ಪ," ಎಂದಳು. ಅವಳ ತುಟಿಯಂಚಿನಲ್ಲಿ ನಗುವಿತ್ತು. ಅವರದಕ್ಕಿಂತ ಮೇಲಿರುವುದು ನನ್ನ ಹೆಸರೇ ಎಂದು ಮತ್ತೊಮ್ಮೆ ನೋಡಿ ಖಾತ್ರಿ ಮಾಡಿಕೊಂಡೆ.

ತಿಂಗಳುಗಳು ಕಳೆದವು. ಈ ಸಲದ ನವರಾತ್ರಿ ಇನ್ನೇನು ಬರಬೇಕು, ನಾನು ತರಕಾರಿ ಗಾಡಿಯ ಮುಂದೆ ನಿಂತು ಬೆಂಡೆಕಾಯಿಯ ತುದಿ ಮುರಿದು ನೋಡುತ್ತಿದ್ದಾಗ ಫೋನು ಟಣ್ ಎಂದಿತು. ಮೂರನೆಯ ಗೂಡಿನ ಡಿಸ್ಕು ಕೆಟ್ಟಿದೆ ಎಂದು ವಡೋದರಾದ ಯಂತ್ರ ತಿಳಿಸಿತ್ತು. ಎದೆ ಧಸಕ್ಕೆಂದಿತು, ಕೂಡಲೇ ಹಿಗ್ಗಿಯೂ ಹೋಯಿತು. ಬೆಂಡೆಕಾಯಿ ಬಿಟ್ಟು ಮಗಳಿಗೆ ಫೋನು ಹಚ್ಚಿದೆ. ಲೈನು ಬಿಝಿ. ಮತ್ತೆ ಹಚ್ಚಿದೆ. ಬಿಝಿ. ಯಾರೆಂದು ಬೇರೆ ಹೇಳಬೇಕೆ? ಗಲ್ಲಾದಲ್ಲಿ ಕೂತವರ ಕೈಯಲ್ಲಿ ಫೋನು ಇದ್ದೇ ಇರುತ್ತದೆ, ಚೀಲ ಹಿಡಿದವನಿಗೆ ಹೇಗೆ ಸಾಧ್ಯ? ಮೈಯೆಲ್ಲ ಉರಿಯಿತು. ಕೊನೆಗೂ ಅವಳು ಸಿಕ್ಕಳು.

"ಅಪ್ಪ, ಮಾವ ಫೋನ್ ಮಾಡಿದ್ರು. ಒಂದು ಡಿಸ್ಕ್ ಹೋಗಿದೆ. ಏನು ಮಾಡ್ಲಿ?"

ಈ ಒಂದು ಪ್ರಶ್ನೆಗಾಗಿ ನಾನು ಎಷ್ಟು ಕಾದಿದ್ದೆ! ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು, ಮೊದಲಿನಿಂದ ಕೊನೆಯವರೆಗೆ. ಅದನ್ನು ನುಂಗಿಕೊಂಡೆ.

"ನಿನಗೆ ಹೇಗೆ ಅನ್ಸುತ್ತೆ ಮಗಾ?" ಎಂದೆ. ನನ್ನ ಬಾಯಿಂದ ಬೀಗರ ಮಾತು ಹೊರಬಂದದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಅವಳು ನಿಧಾನವಾಗಿ ಹೇಳತೊಡಗಿದಳು. ಮಿಷನ್ನು ಬಂದ್ ಮಾಡುವುದಿಲ್ಲ. ಮೊದಲು ನವರಾತ್ರಿಯ ಕೆಲಸವನ್ನು ಬೇರೆ ಕಡೆ ಕಾಪಿ ಮಾಡುತ್ತಾಳೆ. ಕೆಂಪು ದೀಪ ಯಾವ ಗೂಡಿನದೆಂದು ಎರಡು ಸಲ ನೋಡಿ, ಅದೊಂದನ್ನೇ ಎಳೆದು, ಅಲ್ಮೇರಾದಲ್ಲಿರುವ ಹೊಸದನ್ನು ಹಾಕುತ್ತಾಳೆ. ಸರಿಯಾಗಿಯೇ ಹೇಳಿದಳು, ನನಗೆ ಸೇರಿಸಲು ಒಂದು ಮಾತೂ ಉಳಿಯಲಿಲ್ಲ.

"ಸರಿ ಇದೆ," ಎಂದೆ.

ಕಾಪಿ ಮುಗಿದ ಮೇಲೆ ಮಧ್ಯಾಹ್ನ ಅವಳೇ ಮತ್ತೆ ಫೋನು ಮಾಡಿದಳು. "ಈಗ ಡಿಸ್ಕ್ ಎಳೀತೀನಿ ಅಪ್ಪ. ನೀನು ಏನೂ ಹೇಳ್ಬೇಡ, ಸುಮ್ನೆ ಲೈನಲ್ಲಿರು."

ಬಾಗಿಲಿನ ಕೀಲಿ ತಿರುಗಿದ ಸದ್ದು ಕೇಳಿತು, ಆಮೇಲೆ ಯಂತ್ರದ ಸಣ್ಣ ಗುಂಯ್‌ಗುಟ್ಟುವಿಕೆ. ನಾನು ಫೋನನ್ನು ಕಿವಿಗೆ ಒತ್ತಿಕೊಂಡೆ. ಅಷ್ಟರಲ್ಲಿ ಕಿವಿಯ ಹತ್ತಿರ ಇನ್ನೊಂದು ಕರೆ ಟುಕ್ ಟುಕ್ ಎನ್ನತೊಡಗಿತು. ಫೋನನ್ನು ಸ್ವಲ್ಪ ದೂರ ಹಿಡಿದು ನೋಡಿದೆ. ಸೂರತ್‌ನಿಂದ ಬೀಗರು. ಅವರಿಗೆ ಮಗಳ ಲೈನು ಬಿಝಿ ಬಂದಿರಬೇಕು.

ನಾನು ಎತ್ತಲಿಲ್ಲ.