ತಾರೀಖಿಲ್ಲದ ಕಾಗದ

ಧಾರವಾಡದಲ್ಲಿ ಯಾರದಾದರೂ ಅಕ್ಷರ ಚಂದ ಕಂಡರೆ “ಯಜ್ಞೇಶ್ವರ ಮಾಸ್ತರರ ಕೈಯಾಗ ಕಲ್ತಾನೇನು?” ಎಂದು ಕೇಳುವ ರೂಢಿ ಒಂದು ಕಾಲಕ್ಕೆ ಇತ್ತು. ಲಗ್ನಪತ್ರಿಕೆ ಬರೆಯುವುದಕ್ಕೂ ಅವರೇ ಬೇಕು, ಊರಿಗೆ ಬಂದ ದೊಡ್ಡವರಿಗೆ ಕೊಡುವ ಮಾನಪತ್ರಕ್ಕೂ ಅವರೇ ಬೇಕು. ಕೂಲಿ ಎಂದು ಸಿಗುವುದು ಒಂದು ತೆಂಗಿನಕಾಯಿ, ಇಲ್ಲವೇ “ನಿಮ್ಮ ಉಪಕಾರ ಹೆಂಗ ತೀರಸೂದ್ರಿ” ಎಂಬ ಮಾತು. ಮಾತಿನಿಂದ ಹೊಟ್ಟೆ ತುಂಬುವಂತಿದ್ದರೆ ಮಾಸ್ತರರು ಈ ಊರಲ್ಲೇ ದೊಡ್ಡ ಹೊಟ್ಟೆಯವರಾಗಬೇಕಿತ್ತು. ಅವರೋ ಕೋಟು ತೊಟ್ಟರೆ ಗೂಟಕ್ಕೆ ತೂಗುಹಾಕಿದಂತೆ ಕಾಣುತ್ತಿದ್ದರು.

ಸಾಲೆಯಲ್ಲಿ ಅವರು ಕಲಿಸುತ್ತಿದ್ದದ್ದು ಶುದ್ಧಲೇಖನ ಮತ್ತು ಪತ್ರಲೇಖನ. ಪತ್ರ ಬರೆಯುವವರು ಮೊದಲು ಬಲಗಡೆಯ ಮೂಲೆಯಲ್ಲಿ ತಾರೀಖು ಹಾಕಬೇಕು. ಮರೆತರೆ ಬೆರಳ ಗೆಣ್ಣಿಗೆ ಗೆರೆ ಎಳೆಯುವ ರೂಳಿನ ಏಟು. “ತಾರೀಖಿಲ್ಲದ ಪತ್ರ ಅಂದ್ರ ತಲಿ ಇಲ್ಲದ ಮನಷ್ಯಾ ಇದ್ಧಾಂಗ” ಎಂದು ಇಪ್ಪತ್ತು ವರ್ಷ ಹೇಳುತ್ತ ಬಂದ ಈ ಮಾಸ್ತರರು ತಾವೇ ಅಂಥದೊಂದು ತಲೆಯಿಲ್ಲದ ಪತ್ರವನ್ನು ಬರೆದುಕೊಟ್ಟಿದ್ದರು. ಅದು ಅವರ ರಾಜೀನಾಮೆ.

ಸಾಲೆ ನಡೆಸುತ್ತಿದ್ದದ್ದು ಊರ ದೊಡ್ಡವರ ಒಂದು ಮಂಡಳಿ; ಅದರ ಪದ್ಧತಿಯೇ ಹಾಗೆ. ಹೊಸ ಮಾಸ್ತರ ನೌಕರಿಗೆ ಬಂದ ದಿನವೇ, ಹಾಜರಿ ಪುಸ್ತಕದಲ್ಲಿ ಸಹಿ ಮಾಡುವ ಮೊದಲು, “ನನ್ನ ಸ್ವಂತ ಅಡಚಣಿಯ ಮೂಲಕ ನೌಕರಿಯನ್ನು ಬಿಡುತ್ತಿದ್ದೇನೆ” ಎಂದು ಬರೆದು ಸಹಿ ಹಾಕಿ, ತಾರೀಖಿನ ಜಾಗ ಖಾಲಿ ಬಿಟ್ಟು, ಸೆಕ್ರೆಟರಿಯವರ ಕೈಗೆ ಕೊಡಬೇಕು. ಸೆಕ್ರೆಟರಿ ತ್ರ್ಯಂಬಕರಾಯರು ವಕೀಲರು. ಎಲ್ಲ ಮಾಸ್ತರರ ಕಾಗದಗಳೂ ಅವರ ಮನೆಯ ಕಪಾಟಿನಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿಕೊಂಡು ಮಲಗಿದ್ದವು. ಬೇಡವಾದವನ ಕಾಗದಕ್ಕೆ ಒಂದು ತಾರೀಖು ಬಿದ್ದರೆ ಮುಗಿಯಿತು. ತೆಗೆದರು ಎನ್ನುವಂತಿಲ್ಲ, ಅವನೇ ಬಿಟ್ಟ. ಸರಕಾರದವರು ಕೇಳಿದರೆ ತೋರಿಸಲು ಅವನದೇ ಸಹಿ. ಇಷ್ಟು ನಯವಾಗಿ ಕುತ್ತಿಗೆ ಹಿಡಿಯುವ ವಿದ್ಯೆ ವಕೀಲರಿಗಲ್ಲದೆ ಇನ್ನಾರಿಗೆ ಬಂದೀತು!

ಪಗಾರ ಇಪ್ಪತ್ತು ವರ್ಷದ ಮೇಲೆ ಇಪ್ಪತ್ತೆಂಟು ರೂಪಾಯಿ. ಮೇ ತಿಂಗಳಲ್ಲಿ ಸಾಲೆಯಿಲ್ಲ, ಆದ್ದರಿಂದ ಪಗಾರವೂ ಇಲ್ಲ. ಮನೆಗೆ ಹೊತ್ತು ತಂದು ತಿದ್ದುವ ಕಾಪಿ ಪುಸ್ತಕಗಳು ವಾರಕ್ಕೆ ಮುನ್ನೂರು. ಸಾಲೆ ಬಿಟ್ಟ ಮೇಲೆ ತ್ರ್ಯಂಬಕರಾಯರ ಮೊಮ್ಮಕ್ಕಳಿಗೆ ಪಾಠ; ಅದಕ್ಕೆ ಕೂಲಿ ಕೇಳುವುದು ಅಸಭ್ಯತನ. ಇದ್ದ ಎರಡು ಕೋಣೆಯ ಮನೆಯೂ ಸಾಲೆಯ ಹಿತ್ತಲಲ್ಲಿ, ಮಂಡಳಿಯದೇ. ಅಂದರೆ ಮಾಸ್ತರರ ಅನ್ನ, ಸೂರು ಎರಡೂ ಆ ಕೆಂಪು ಬಟ್ಟೆಯೊಳಗಿದ್ದವು. ಜುಟ್ಟು ಕೊಟ್ಟು ಕೂತವರಿಗೆ ತಲೆ ಅಲ್ಲಾಡಿಸುವ ಸ್ವಾತಂತ್ರ್ಯವೆಲ್ಲಿ?

ಅವರಿಗೆ ಇದ್ದದ್ದು ಒಂದೇ ಆಸೆ. ಇಂದು ಎಂಬ ಹೆಸರಿನ ಮಗಳು ಆ ವರ್ಷ, ಸಾವಿರದ ಒಂಬೈನೂರ ಮೂವತ್ತೇಳರಲ್ಲಿ, ಮೆಟ್ರಿಕ್ಕಿನಲ್ಲಿದ್ದಳು. ಮುಂದಿನ ಮಾರ್ಚಿನಲ್ಲಿ ಪರೀಕ್ಷೆ. “ಮಾರ್ಚ್ ತನಕಾ ಏನೂ ಆಗದ ಹೋದ್ರ ಸಾಕು” ಎಂದು ಹೆಂಡತಿ ಲಕ್ಷ್ಮೀಬಾಯಿ ದೇವರ ಮುಂದೆ ದಿನಾ ತುಪ್ಪದ ದೀಪ ಹಚ್ಚುತ್ತಿದ್ದರು. ತುಪ್ಪ ತೀರಿದ ದಿನ ಎಣ್ಣೆಯದು.

ಗಿರಿಯಪ್ಪ ಆ ಸಾಲೆಗೆ ಮಾಸ್ತರನಾಗಿ ಬಂದು ಎರಡು ವರ್ಷವಾಗಿತ್ತು. ಅವನು ಕೆಲಗೇರಿಯವನು, ಊರ ಹೊರಗಿನ ಕೇರಿಯ ಶೇವಂತೆವ್ವನ ಮಗ. ಹಿಂದೆ ಇದೇ ಸಾಲೆಯಲ್ಲಿ ಕಲಿತವನು. ಕಲಿತವನೆಂದರೆ, ಪಡಸಾಲೆಯ ಹೊರಗೆ ಕಟ್ಟೆಯ ಮೇಲೆ ಕೂತು, ಕಿಟಕಿಯಿಂದ ಕೇಳಿ ಕಲಿತವನು. ಒಳಗಿನ ಹುಡುಗರಿಗೆ ಯಜ್ಞೇಶ್ವರ ಮಾಸ್ತರರು ಕೈ ಹಿಡಿದು ಅಕ್ಷರ ತಿದ್ದಿಸುತ್ತಿದ್ದರು. ಹುಡುಗನ ಮುಷ್ಟಿಯ ಮೇಲೆ ತಮ್ಮ ಮುಷ್ಟಿ ಇಟ್ಟು ಒಂದೊಂದು ಅಕ್ಷರವನ್ನೂ ನೂರು ಸಲ ಸುತ್ತಿಸುವುದು. ಅವರ ಹೆಸರು ನಿಂತದ್ದೇ ಆ ತಿದ್ದಿಸುವಿಕೆಯ ಮೇಲೆ. ಗಿರಿಯಪ್ಪನ ಕೈಯನ್ನು ಮಾತ್ರ ಅವರು ಎಂದೂ ಹಿಡಿಯಲಿಲ್ಲ. ಪಾಟಿಯ ಮೇಲೆ ಬರೆದು ಹೊಸ್ತಿಲಾಚೆ ಸರಿಸುತ್ತಿದ್ದರು. ಮುಟ್ಟಿದರೆ ಮನೆಗೆ ಹೋಗಿ ಸ್ನಾನ ಮಾಡಬೇಕು, ಊರವರಿಗೆ ಉತ್ತರ ಕೊಡಬೇಕು. ಅಷ್ಟು ಧೈರ್ಯ ಅವರಿಗಿರಲಿಲ್ಲ, ಇಲ್ಲದ ಬಗ್ಗೆ ನಾಚಿಕೆಯೂ ಆಗ ಇರಲಿಲ್ಲ.

ಆದರೂ ಹುಡುಗ ನೋಡಿ ನೋಡಿಯೇ ಕಲಿತ. ಅವನ ಅಕ್ಷರ ಮಾಸ್ತರರ ಅಕ್ಷರದ ತದ್ರೂಪವಾಯಿತು, ಒಂದು ಅಂಕಿಯನ್ನು ಬಿಟ್ಟು. ಅವನ ಏಳು ಮೊಟಕು. ಕೊನೆಯ ಬಾಲವನ್ನು ಎಳೆಯಬೇಕಾದಲ್ಲಿ ಎಳೆಯದೆ ಅರ್ಧಕ್ಕೆ ಕೈ ಎತ್ತಿಬಿಡುತ್ತಿದ್ದ. ಕೈ ಹಿಡಿದು ಎರಡು ದಿನ ತಿದ್ದಿಸಿದ್ದರೆ ಹೋಗುವ ದೋಷ. ಮಾಸ್ತರರು ಕಿಟಕಿಯಿಂದ “ಬಾಲಾ ಎಳಿಯೋ, ಬಾಲಾ!” ಎಂದು ಕೂಗುತ್ತಲೇ ಇದ್ದರು, ಹುಡುಗ ಮೊಟಕಾಗಿಯೇ ಬರೆಯುತ್ತಿದ್ದ.

ಅಂಥ ಗಿರಿಯಪ್ಪ ಮುಲ್ಕಿ ಪರೀಕ್ಷೆ ಪಾಸಾಗಿ, ಟ್ರೇನಿಂಗು ಮುಗಿಸಿ, ಎಂಬತ್ತು ಮಕ್ಕಳ ವರ್ಗಕ್ಕೆ ಮಾಸ್ತರನಾಗಿ ಬಂದ. ಮಂಡಳಿ ಉದಾರವಾಗಿತ್ತೆಂದಲ್ಲ, ಅಂಥವನೊಬ್ಬ ಇದ್ದರೆ ಸರಕಾರದ ಗ್ರಾಂಟಿನ ಅರ್ಜಿಗೆ ತೂಕ ಬರುತ್ತಿತ್ತು. ಬಂದ ದಿನ ಅವನೂ ತಾರೀಖಿಲ್ಲದ ಕಾಗದ ಬರೆದುಕೊಟ್ಟ. ಮಜಕೂರು ಹೇಳಿ ಬರೆಸಿದವರು ಯಜ್ಞೇಶ್ವರ ಮಾಸ್ತರರೇ. ಹೊಸಬರಿಗೆ ಬರೆಸುವ ಕೆಲಸವನ್ನೂ ಅಕ್ಷರದ ಪುಣ್ಯದಿಂದ ಅವರಿಗೇ ಒಪ್ಪಿಸಲಾಗಿತ್ತು.

ಜುಲೈ ತಿಂಗಳ ಮೊದಲಲ್ಲಿ ಗಿರಿಯಪ್ಪ ಒಂದು ಅರ್ಜಿ ಹಿಡಿದು ಅವರ ಬಳಿಗೆ ಬಂದ. ಮೇ ತಿಂಗಳ ಪಗಾರ ಕೊಡಬೇಕೆಂದು ಮಂಡಳಿಗೆ ಬರೆದ ಅರ್ಜಿ.

“ಗುರುಗಳ, ಒಂಚೂರು ನೋಡ್ರಿ. ಮೇ ತಿಂಗಳಾಗ ನಾವೂ ಉಣ್ತೇವಲ್ರಿ? ಅಷ್ಟ ಬರದೇನಿ.”

ಮಾಸ್ತರರು ಓದಿದರು. ಒಂದು ಸೊಲ್ಲೂ ಸುಳ್ಳಿರಲಿಲ್ಲ. ಇಪ್ಪತ್ತು ವರ್ಷದಿಂದ ತಮ್ಮ ಗಂಟಲಲ್ಲಿ ಸಿಕ್ಕಿಕೊಂಡದ್ದನ್ನು ಈ ಹುಡುಗ ಹಾಳೆಯ ಮೇಲೆ ಇಳಿಸಿದ್ದ. ಓದುತ್ತ ಓದುತ್ತ ಅವರಿಗೆ ಸಂತೋಷವಾಯಿತು, ಕೂಡಲೇ ಹೆದರಿಕೆಯಾಯಿತು.

“ಭೇಷ್ ಬರದೀ. ಆದ್ರ ಏಳು ಇನ್ನೂ ಮೊಟಕ ಅದ ನೋಡು.”

“ಅದು ಇನ್ನ ತಿದ್ದಂಗಿಲ್ರಿ,” ಎಂದು ಗಿರಿಯಪ್ಪ ನಕ್ಕ. “ನೀವೂ ಒಂದು ಸಹಿ ಮಾಡ್ರಿ. ನೀವು ಮಾಡಿದ್ರ ಉಳದವ್ರೂ ಮಾಡ್ತಾರ.”

“ಇಂದೂದು ಪರೀಕ್ಷಾ ಅದನೋ, ಗಿರಿಯಪ್ಪಾ. ಮಾರ್ಚ್ ಆಗಲಿ.”

ಗಿರಿಯಪ್ಪ ಹಾಳೆಯನ್ನು ಮಡಚಿಕೊಂಡ. ಅರ್ಜಿ ಅವನೊಬ್ಬನ ಸಹಿಯಿಂದಲೇ ಹೋಯಿತು.

ಆ ತಿಂಗಳ ಕೊನೆಗೆ ಒಂದು ಸಂಜೆ, ಮೊಮ್ಮಕ್ಕಳ ಪಾಠ ಮುಗಿಸಿ ಹೊರಟ ಮಾಸ್ತರರನ್ನು ತ್ರ್ಯಂಬಕರಾಯರು ಒಳಗೆ ಕರೆದರು. ಚಹಾ ತರಿಸಿದರು. ಆ ಮನೆಯಲ್ಲಿ ಮಾಸ್ತರರು ಚಹಾ ಕುಡಿದದ್ದು ಅದೇ ಮೊದಲು. ರಾಯರು ಕಪಾಟು ತೆರೆದು ಕೆಂಪು ಬಟ್ಟೆ ಬಿಚ್ಚಿದರು. ಮೇಲೆಯೇ ಗಿರಿಯಪ್ಪನ ಕಾಗದ ಇತ್ತು.

“ಮಾಸ್ತರ್ರ, ಇದಕ್ಕೊಂದು ತಾರೀಖ್ ಬೀಳಬೇಕಾಗೇದ. ನಮ್ಮ ಗುಮಾಸ್ತಂದು ಕಾಗಿ ಕಾಲಿನ ಅಕ್ಷರ. ಈ ಹುಡುಗ ಹಂಗಿಂಗ ಸುಮ್ಮನಿರಾಂವ ಅಲ್ಲ, ಮ್ಯಾಲಿನವ್ರಿಗೆ ಬರೀತಾನ. ಅವನ ಕೈ ನಿಮಗ ಗೊತ್ತದ. ಇವತ್ತಿನ ತಾರೀಖು ಅವನ ಅಕ್ಷರದಾಗ ಹಾಕಿಬಿಡ್ರಿ.”

ಮಾಸ್ತರರು ಚಹಾದ ಬಟ್ಟಲನ್ನು ಕೆಳಗಿಟ್ಟರು. “ರಾಯರ, ನಾ… ಇದು…”

ತ್ರ್ಯಂಬಕರಾಯರು ಸಿಟ್ಟಾಗಲಿಲ್ಲ. ಅವರು ಎಂದೂ ಸಿಟ್ಟಾದವರಲ್ಲ. ಗಂಟಿನ ತಳದಿಂದ ಹಳದಿಗಟ್ಟಿದ ಇನ್ನೊಂದು ಹಾಳೆಯನ್ನು ಎಳೆದು, ಕಣ್ಣ ಹತ್ತಿರ ಹಿಡಿದು ನೋಡಿದರು.

“ಇದು ನಿಮ್ದು. ಎಂಥಾ ಚಂದ ಅಕ್ಷರ! ಇದನ್ನ ನಾ ತಗಿಯೂ ಪ್ರಸಂಗ ಬರಬಾರದು ನೋಡ್ರಿ, ಮಾಸ್ತರ್ರ. ಇಂದು ಹ್ಯಾಂಗ ಓದಾಕತ್ತಾಳ?”

ಇಂದುವಿನ ಹೆಸರು ಕೇಳಿದ ಮೇಲೆ ಮಾಸ್ತರರು ಮಸಿ ಕುಡಿಕೆಯಲ್ಲಿದ್ದ ಟಾಕು ತೆಗೆದುಕೊಂಡರು. ಎಂದೂ ಮುಟ್ಟದ ಗಿರಿಯಪ್ಪನ ಕೈಯನ್ನು ಆ ಹೊತ್ತು ತಮ್ಮ ಕೈಯೊಳಗೆ ತಂದುಕೊಂಡರು. ೨೭-೭-೧೯೩೭ ಎಂದು ಬರೆದರು, ಮಸಿ ಆರುವ ತನಕ ಊದಿದರು. ಮನೆಗೆ ಬಂದು ಸ್ನಾನ ಮಾಡಿದರು. “ಈ ಹೊತ್ತಿನ್ಯಾಗ ಯಾಕ್ರೀ?” ಎಂದು ಲಕ್ಷ್ಮೀಬಾಯಿ ಕೇಳಿದರೆ “ಮೈ ಬೆವತದ” ಎಂದರು. ಹೊರಗೆ ಆಷಾಢದ ಜಿಟಿಜಿಟಿ ಮಳೆ, ತಣ್ಣನೆಯ ಗಾಳಿ.

ಗಿರಿಯಪ್ಪ ಸುಮ್ಮನಿರಲಿಲ್ಲ. ರಾಜೀನಾಮೆಯ ತಾರೀಖು ತನ್ನದಲ್ಲವೆಂದು ಮೇಲಿನವರಿಗೆ ಬರೆದ. ಆಗಸ್ಟಿನಲ್ಲಿ ವಿದ್ಯಾಖಾತೆಯ ಡೆಪ್ಯುಟಿ ಸಾಹೇಬರೇ ವಿಚಾರಣೆಗೆ ಸಾಲೆಗೆ ಬಂದರು. ಆಫೀಸಿನ ಮೇಜಿನ ಆಚೆ ಸಾಹೇಬರು, ಪಕ್ಕದಲ್ಲಿ ತ್ರ್ಯಂಬಕರಾಯರು, ಬಾಗಿಲ ಬಳಿ ಗಿರಿಯಪ್ಪ.

“ಕೈಬರಹದ ಸಂಶಯ ಇದ್ರ ದೂರ ಯಾಕ ಹೋಗಬೇಕು?” ಎಂದರು ರಾಯರು. “ನಮ್ಮ ಯಜ್ಞೇಶ್ವರ ಮಾಸ್ತರ್ರಿಗೆ ತೋರಸ್ರಿ.”

“ನಿಮಗೆ ಒಪ್ಪಿಗೆಯೇ?” ಎಂದು ಸಾಹೇಬರು ಗಿರಿಯಪ್ಪನನ್ನು ಕೇಳಿದರು.

ಗಿರಿಯಪ್ಪನ ಮುಖ ಅರಳಿತು. “ಭಾಳ ಛಲೋ ಆತ್ರಿ. ನನ್ನ ಅಕ್ಷರ ಹುಟ್ಟಿದ್ದ ಅವರಿಂದ. ಗುರುಗಳು ಏನಂತಾರ ಅದು ನನಗ ಒಪ್ಪಿಗಿ.”

ಸಾಲೆಯ ಸಿಪಾಯಿ ಗುರುಶಿದ್ದಪ್ಪ ಮಾಸ್ತರರನ್ನು ವರ್ಗದಿಂದ ಕರೆತಂದ. ಅವರ ಮುಂದೆ ಕಾಗದ ಇಟ್ಟರು. ಮಾಸ್ತರರು ಕನ್ನಡಕ ಏರಿಸಿ ನೋಡಿದರು. ಮೂರು ಏಳು ಇದ್ದವು. ಮೂರಕ್ಕೂ ಬಾಲ ಇತ್ತು, ಪೂರಾ, ತುಂಬಿ ಎಳೆದ ಬಾಲ. ಸಾವಿರ ಹುಡುಗರಿಗೆ ತಿದ್ದಿಸಿದ ಕೈ, ಕಳ್ಳತನದ ಹೊತ್ತಿನಲ್ಲೂ ತಪ್ಪು ಏಳನ್ನು ಬರೆಯಲು ಒಪ್ಪಿರಲಿಲ್ಲ. ಗಿರಿಯಪ್ಪನ ಏಳನ್ನು ತಿದ್ದಿಬಿಟ್ಟಿತ್ತು.

ಒಂದು ಮಾತು ಹೇಳಿದ್ದರೆ ಸಾಕಿತ್ತು. ‘ಅವನ ಏಳಕ್ಕೆ ಬಾಲ ಇರುವುದಿಲ್ಲ’ ಎಂದಿದ್ದರೆ ಹುಡುಗನ ನೌಕರಿ ಉಳಿಯುತ್ತಿತ್ತು. ತಮ್ಮ ಕಾಗದಕ್ಕೆ ಆ ಸಂಜೆಯೇ ತಾರೀಖು ಬೀಳುತ್ತಿತ್ತು. ಮರುದಿನ ಎರಡು ಕೋಣೆಯ ಪಾತ್ರೆ ಪಡಗ ಬೀದಿಯಲ್ಲಿ, ಇಂದುವಿನ ಪುಸ್ತಕ ಗಂಟಿನಲ್ಲಿ. ಮಾಸ್ತರರು ಕಾಗದದಿಂದ ಕಣ್ಣೆತ್ತಲಿಲ್ಲ.

“ಹೌದ್ರಿ,” ಎಂದರು. “ಅವಂದ ಅಕ್ಷರ.”

ಗಿರಿಯಪ್ಪ ಬಾಗಿಲು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ. ಆಮೇಲೆ “ನಾನೂ ಒಂದ ಸಲ ನೋಡ್ಲೇನ್ರಿ?” ಎಂದು ಸಾಹೇಬರನ್ನು ಕೇಳಿ ಮೇಜಿನ ಹತ್ತಿರ ಬಂದ. ಬಗ್ಗಿ ನೋಡಿದ. ತುಸು ಹೊತ್ತು ನೋಡಿದ. ಎದ್ದಾಗ ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಮಾಸ್ತರರು ಹೇಗೋ ತಾಳಿಕೊಳ್ಳುತ್ತಿದ್ದರು.

“ನಂದ ಐತ್ರಿ ಸಾಹೇಬ್ರ. ಮರತಿದ್ದೆ,” ಎಂದ. ಮಾಸ್ತರರ ಕಡೆ ತಿರುಗಿ, “ಏಳು ಛಲೋ ಬಂದಾವ್ರಿ, ಗುರುಗಳ” ಎಂದ.

ತ್ರ್ಯಂಬಕರಾಯರು ಗಂಟಲು ಸರಿಮಾಡಿಕೊಂಡರು. ಸಾಹೇಬರು ವಹಿಯಲ್ಲಿ ಬರೆದುಕೊಂಡರು. ವಿಚಾರಣೆ ಮುಗಿಯಿತು.

ಮಾಸ್ತರರು ವರ್ಗಕ್ಕೆ ಹೋಗಲಿಲ್ಲ. ಮಳೆಯಲ್ಲೇ, ಕೊಡೆಯಿಲ್ಲದೆ, ಕೆಲಗೇರಿಯ ದಾರಿಯಲ್ಲಿ ಬಿರಬಿರನೆ ನಡೆದು ಅವನನ್ನು ಹಿಡಿದರು.

“ಯಾಕೋ ಹಂಗಂದಿ? ಅಲ್ಲಂತ ಅನ್ನಬೇಕಿತ್ತು. ನನ್ನ ಹೆಸರು ಹೇಳಬೇಕಿತ್ತು!”

“ಹೇಳಿ ಏನ ಮಾಡೂದೈತ್ರಿ? ನನಗ ಎಲ್ಲರ ಒಂದ ಸಾಲಿ ಸಿಗತೈತಿ. ಅಮ್ಮಿನಬಾವಿ ಕಡೆ ಕೇಳೇನಿ. ಇಲ್ಲಾಂದ್ರ ಅವ್ವನ ಕೂಡ ಕೂಲಿಗೆ ಹೋಗ್ತೇನಿ, ಅದೇನ ನನಗ ಹೊಸಾದಲ್ಲ.” ಅವನು ತನ್ನ ಕೊಡೆಯನ್ನು ಅವರ ಕೈಗೆ ಕೊಟ್ಟ. “ನೀವು ಎಲ್ಲಿಗೆ ಹೋಗ್ತೀರ್ರಿ, ಗುರುಗಳ?”

ಗಿರಿಯಪ್ಪ ಟೊಪ್ಪಿಗೆ ತೆಗೆದು ಕೋಟಿನೊಳಗೆ ಇಟ್ಟುಕೊಂಡು ಮಳೆಯಲ್ಲಿ ತನ್ನೂರ ಕೆರೆಯ ಕಡೆಗೆ ನಡೆದ. ಅವನ ಕೊಡೆ ಹಿಡಿದು ಮಾಸ್ತರರು ಸಾಲೆಗೆ ಮರಳಿದರು, ಉಳಿದ ಎರಡು ತಾಸು ಪಾಠ ಮಾಡಿದರು. ಆ ಕೊಡೆಯನ್ನು ಮುಂದೆ ಅವರು ಎಂದೂ ಬಿಚ್ಚಲಿಲ್ಲ.

ಮಾರ್ಚ್ ಬಂತು, ಹೋಯಿತು. ಇಂದು ಪಾಸಾದಳು. ಲಕ್ಷ್ಮೀಬಾಯಿ ಓಣಿಗೆಲ್ಲ ಸಕ್ಕರೆ ಹಂಚಿದರು. ತ್ರ್ಯಂಬಕರಾಯರು ತಾವಾಗಿಯೇ ಹೇಳಿಕಳಿಸಿದರು: ಮಂಡಳಿ ಹೊಸದಾಗಿ ಹೆಣ್ಣುಮಕ್ಕಳ ಸಾಲೆ ತೆರೆಯುತ್ತಿದೆ, ಮಾಸ್ತರರ ಮಗಳಿಗಲ್ಲದೆ ಆ ನೌಕರಿ ಇನ್ನಾರಿಗೆ? ಇಂದು ಹೊಸ ಸೀರೆ ಉಟ್ಟು ಹೋಗಿ ರಾಯರನ್ನು ಕಂಡು ಬಂದಳು. ಮಾಸ್ತರರು ಪಡಸಾಲೆಯಲ್ಲಿ ಕಾಪಿ ಪುಸ್ತಕ ತಿದ್ದುತ್ತ ಕೂತಿದ್ದರು. ಅವಳ ಕೈಯಲ್ಲಿ ಒಂದು ಖಾಲಿ ಹಾಳೆ ಇತ್ತು.

“ಅಪ್ಪಾ, ನಾಳೆಯಿಂದ ಬಾ ಅಂದ್ರು! ಒಂದ ಕಾಗದ ಬರಕೊಡಬೇಕಂತ. ಏನದು, ರಾಜೀನಾಮಿ ಅಂತ. ಸುಮ್ಮನ ಪದ್ಧತಿ ಅಂದ್ರು. ತಾರೀಖ್ ಹಾಕೂದು ಬ್ಯಾಡಂತ. ಮಜಕೂರು ನಿನಗ ಬಾಯಿಪಾಠ ಅದ ಅಂದ್ರು ರಾಯರು. ನೀನ ಬರದಕೊಡು, ನಿನ್ನ ಅಕ್ಷರ ಛಲೋ ಅದ. ನಾ ಸಹಿ ಮಾಡ್ತೀನಿ.”

ಮಾಸ್ತರರು ಮಗಳ ಮುಖ ನೋಡಿದರು. ಅವಳು ನಗುತ್ತಿದ್ದಳು. ಕಾಪಿ ಪುಸ್ತಕಗಳನ್ನು ಪಕ್ಕಕ್ಕೆ ಸರಿಸಿ, ಹಾಳೆಯನ್ನು ನೆಟ್ಟಗೆ ಇಟ್ಟುಕೊಂಡು ಅವರು ಟಾಕನ್ನು ಮಸಿಯಲ್ಲಿ ಅದ್ದಿದರು. ಕೈ ರೂಢಿಯಂತೆ ಬಲಗಡೆಯ ಮೂಲೆಗೆ ಹೋಯಿತು. ಅಲ್ಲಿ ತುಸು ಹೊತ್ತು ನಿಂತಿತು.

ಆಮೇಲೆ ಮಾಸ್ತರರು ಆ ಮೂಲೆಯನ್ನು ಬಿಟ್ಟು, ಎಡಗಡೆಯಿಂದ, ದುಂಡಗೆ ಬರೆಯತೊಡಗಿದರು: “ನನ್ನ ಸ್ವಂತ ಅಡಚಣಿಯ ಮೂಲಕ…”